ಬೆಳಗ್ಗೆ ಬಿಳಿ ಗೆರೆ, ಮಧ್ಯಾಹ್ನ ಇಂಕ್ ಹನಿ: ಕಾರ್ಟ್ರಿಡ್ಜ್ ಸೋರಿಕೆ ಬಗ್ಗೆ ಅನುಭವ ಇದ್ದವರು ಹೇಳಿ

ಕೇಳಿದವರು: ಆನ್‌ಲೈನ್ ಅರ್ಜಿ ಕೇಂದ್ರ, ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟು, ಇವೇ ಕೆಲಸ. ಕಪ್ಪು-ಬಿಳುಪಿಗೆ ಲೇಸರ್ ಇದೆ. ಕಲರ್‌ಗೆ ಇರುವುದು ಎರಡು ಸಣ್ಣ ಕಾರ್ಟ್ರಿಡ್ಜ್ ಹಾಕುವ ಇಂಕ್‌ಜೆಟ್. ಕಲರ್ ಕಾರ್ಟ್ರಿಡ್ಜ್ ರೀಫಿಲ್ ಮಾಡಿಸಿಕೊಂಡು ಬಂದಾಗಿನಿಂದ ಒಂದು ತೊಂದರೆ ಶುರುವಾಗಿದೆ. ಬೆಳಗ್ಗೆ ಮೊದಲ ಕೆಲವು ಪೇಜು ಚೆನ್ನಾಗಿ ಬರುತ್ತವೆ, ಆಮೇಲೆ ಬಿಳಿ ಗೆರೆ, ಬಣ್ಣ ಪೇಲವ. ಇಂಕ್ ಖಾಲಿ ಆಯಿತೇನೋ ಅಂದುಕೊಂಡರೆ ಮಧ್ಯಾಹ್ನ ಶೀಟಿನ ಮಾಡು ಕಾದ ಮೇಲೆ ಅದೇ ಕಾರ್ಟ್ರಿಡ್ಜ್‌ನಿಂದ ಹಾಳೆ ಮೇಲೆ ಹನಿ ಬೀಳುತ್ತದೆ. ಕಷ್ಟಪಟ್ಟು ಮಾಡಿದ ಪ್ರಾಜೆಕ್ಟ್ ಹಾಳೆ ಕಲೆಯಾದರೆ ಮಕ್ಕಳ ಮುಖ ನೋಡಲಾಗುವುದಿಲ್ಲ.

ಕಾರ್ಟ್ರಿಡ್ಜ್‌ಗೆ ಇಂಕ್ ಸೋರದ ಹಾಗೆ ಮುಚ್ಚಳ ಗಿಚ್ಚಳ ಏನೂ ಇರೋದಿಲ್ಲವೇ? ಒಳಗೆ ಹೇಗೆ ಮಾಡಿರುತ್ತಾರೆ? ಇದನ್ನು ಬಿಸಾಡಿ ಹೊಸದು ತರಲೋ, ಕಾರ್ಟ್ರಿಡ್ಜ್ ಬದಲು ಇಂಕಿನ ಟ್ಯಾಂಕ್ ಇರುವ ಟ್ಯಾಂಕ್ ಪ್ರಿಂಟರಿಗೆ ಹೋಗಲೋ? ಚಳ್ಳಕೆರೆಯ ತಂಗಿಗೆ ಹಳೆಯ ಪ್ರಿಂಟರೊಂದನ್ನು ಬಸ್ಸಿನಲ್ಲಿ ಕಳಿಸುವುದೂ ಇದೆ, ಅದಕ್ಕೂ ಸಲಹೆ ಬೇಕು.

ಪ್ರಿಂಟರ್ ರಿಪೇರಿ ಮಾಡುವವರು, ಮಂಡಿಪೇಟೆ

ಅಕ್ಕಾರೆ, ಮೊದ್ಲು ಇಂಕ್ ಎಲ್ಲಿಂದ ಬರಾಕತ್ತೇತಿ ಅಂತ ನೋಡ್ರಿ. ಪ್ರಿಂಟರ್ ಅಡಿಗೆ, ಟೇಬಲ್ ಮ್ಯಾಲೆ ಇಂಕ್ ನಿಂತಿದ್ರ ಅದು ಬಹಳ ಸಲ ಕಾರ್ಟ್ರಿಡ್ಜ್‌ದು ಅಲ್ಲ. ಹೆಡ್ (ಹಾಳೆ ಮ್ಯಾಲೆ ಇಂಕ್ ಚಿಮ್ಮಿಸೋ ಭಾಗ) ಕ್ಲೀನಿಂಗ್ ಕೊಟ್ಟಾಗೆಲ್ಲ ಹೀರಿ ತೆಗೆದ ಇಂಕ್ ಒಳಗ ಒಂದು ಪ್ಯಾಡ್‌ಗೆ ಹೋಗಿ ಸೇರ್ತೈತಿ. ಆ ಪ್ಯಾಡ್ ತುಂಬಿದ್ಮೇಲೆ ಪ್ರಿಂಟರ್ ಸ್ವಲ್ಪ ವಾಲಿಸಿದ್ರೂ ಕೆಳಗೆ ಹರಿತೈತಿ. ಜನ ಕಾರ್ಟ್ರಿಡ್ಜ್ ಮ್ಯಾಲೆ ಕಾರ್ಟ್ರಿಡ್ಜ್ ಬದಲಾಯಿಸ್ತಾರ, ಪ್ಯಾಡ್ ಹಂಗೇ ಇರ್ತೈತಿ.

ನಿಮ್ದು ಹಾಳೆ ಮ್ಯಾಲೆ ಹನಿ ಅಂತೀರಿ, ಅದಕ್ಕೆ ಕಾರ್ಟ್ರಿಡ್ಜ್ ಹೊರಗೆ ತೆಗೆದು ನೋಡ್ರಿ. ಒಂದು ಟೀ ಕಪ್ಪಿನ ಬಾಯಿಗೆ, ನೋಜಲ್, ಅಂದ್ರ ಇಂಕ್ ಹೊರಗೆ ಬರೋ ಬಾಯಿ, ಕೆಳಗೆ ಮಾಡಿ, ನೋಜಲ್ ಯಾವುದಕ್ಕೂ ತಾಗದಂಗ ಕೂರಿಸ್ರಿ. ಕಾಲು ಗಂಟೆ ಬಿಟ್ಟು ನೋಡಿದಾಗ ಕಪ್ಪಿನ ತಳದಾಗ ಹನಿ ಇದ್ರ ಸೋರಿಕೆ ಖರೇ. ಟಿಶ್ಯೂ ಮ್ಯಾಲೆ ಇಟ್ಟು ಪರೀಕ್ಷೆ ಮಾಡಬ್ಯಾಡ್ರಿ, ಒಳ್ಳೆ ಕಾರ್ಟ್ರಿಡ್ಜ್ ಆದ್ರೂ ಟಿಶ್ಯೂ ಅದರಾಗಿನ ಇಂಕ್ ಎಳ್ಕೊಂತೈತಿ. ಟಿಶ್ಯೂ ಬೇಕಾಗೋದು ಬೇರೆ ಪರೀಕ್ಷೆಗೆ: ಒಂದು ಕ್ಷಣ ಒತ್ತಿ ತೆಗೆದ್ರ ಹಳದಿ, ನೀಲಿ, ಗುಲಾಬಿ ಮೂರು ಗೆರೆ ಬ್ಯಾರೆ ಬ್ಯಾರೆ ಮೂಡಬೇಕು. ಒಂದರಾಗೊಂದು ಕಲಸಿ ಕೆಸರಿನ ಬಣ್ಣ ಬಂದ್ರ ಕಾರ್ಟ್ರಿಡ್ಜ್ ಒಳಗ ಯಾವುದೋ ಬಣ್ಣದ ಕೋಣೆ ಅತಿಯಾಗಿ ತುಂಬೇತಿ ಅಂತ ಅರ್ಥ.

ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕರು, ದಾವಣಗೆರೆ

ಮುಚ್ಚಳ ಇಲ್ಲವೇ ಎಂದು ಕೇಳಿದ್ದೀರಿ. ಕೆಲಸ ಮಾಡುವ ಹೊತ್ತಿನಲ್ಲಿ ಇಲ್ಲ. ನೋಜಲ್ ಎಂಬುದು ಸದಾ ತೆರೆದೇ ಇರುವ ರಂಧ್ರಗಳ ಸಾಲು. ಒಂದೊಂದು ರಂಧ್ರ ಸುಮಾರು 20 ಮೈಕ್ರಾನ್, ತಲೆಗೂದಲಿನ ದಪ್ಪದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ರಂಧ್ರದ ಬಾಯಲ್ಲಿ ಇಂಕಿನ ಮೇಲ್ಮೈ ಬಿಗಿದುಕೊಂಡು ನಿಲ್ಲುತ್ತದೆ. ಆದರೆ ಮೇಲಿಂದ ಇಂಕಿನ ಭಾರ ಸದಾ ಒತ್ತುತ್ತಿರುತ್ತದೆ, ಕಾರ್ಟ್ರಿಡ್ಜ್ ಹೊತ್ತ ಕ್ಯಾರೇಜ್ ಅತ್ತಿತ್ತ ಓಡುವಾಗ ಅಲುಗಾಟ ಬೇರೆ. ಮೇಲ್ಮೈ ಬಿಗಿತ ಒಂದನ್ನೇ ನಂಬಿದರೆ ಇಂಕು ತುಳುಕಿ ನೋಜಲಿನ ತಟ್ಟೆಯೆಲ್ಲ ಒದ್ದೆಯಾಗುತ್ತದೆ. ಹಾಗಾಗಿ ಕಾರ್ಟ್ರಿಡ್ಜ್ ಒಳಗಿನ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡಕ್ಕಿಂತ ಕೊಂಚ ಕಡಿಮೆ ಇರುವ ಹಾಗೆ ಕಟ್ಟಿರುತ್ತಾರೆ. ಎಷ್ಟು ಕಡಿಮೆ ಎಂದರೆ 5ರಿಂದ 15 ಸೆಂಟಿಮೀಟರ್ ನೀರಿನ ಕಂಬದಷ್ಟು. ವಾತಾವರಣದ ಒತ್ತಡ ಸುಮಾರು 10 ಮೀಟರ್ ನೀರಿನ ಕಂಬದಷ್ಟಿರುವಾಗ ಇದು ಅದರ ನೂರನೇ ಒಂದು ಪಾಲಿನ ಆಸುಪಾಸು. ಈ ಸಣ್ಣ ಹಿಂದೆಳೆತವೇ ಇಂಕನ್ನು ಒಳಗೆ ಹಿಡಿದಿಡುವುದು. ಎಳೆತ ತಪ್ಪಿದರೆ ಹನಿ ಬೀಳುತ್ತದೆ, ಎಳೆತ ಹೆಚ್ಚಾದರೆ ನೋಜಲ್‌ಗೆ ಇಂಕ್ ಬಾರದೆ ಬಿಳಿ ಗೆರೆ ಬೀಳುತ್ತದೆ. ನಿಮ್ಮ ಎರಡೂ ತೊಂದರೆಗಳ ಬೇರು ಒಂದೇ ಇರಬೇಕು ಎಂದು ನನಗೆ ಅನಿಸುವುದು ಇದಕ್ಕೇ.

ಈ ಎಳೆತ ತರುವುದಕ್ಕೆ ಬೇರೆ ಬೇರೆ ದಾರಿಗಳಿವೆ. 1984ರಲ್ಲಿ ಎಚ್‌ಪಿ ಹೊರತಂದ ಥಿಂಕ್‌ಜೆಟ್ ಪ್ರಿಂಟರಿನ ಕಾರ್ಟ್ರಿಡ್ಜ್‌ನಲ್ಲಿ ರಬ್ಬರಿನ ಚೀಲ ಇತ್ತು. ಹಿಂಡಿದ ಚೀಲ ಮತ್ತೆ ಉಬ್ಬಲು ನೋಡುತ್ತದೆ, ಆ ಪ್ರಯತ್ನವೇ ಎಳೆತ. ಆಮೇಲೆ ಬಂದ ಎಚ್‌ಪಿ 45 ಎಂಬ 42 ಮಿಲಿಲೀಟರಿನ ದೊಡ್ಡ ಕಾರ್ಟ್ರಿಡ್ಜ್‌ನಲ್ಲಿ ತೆಳು ಪ್ಲಾಸ್ಟಿಕ್ ಚೀಲ, ಒಳಗೆ ಎರಡು ಲೋಹದ ತಗಡು, ತಗಡುಗಳ ನಡುವೆ ಸ್ಪ್ರಿಂಗ್. ಇಂಕ್ ಖಾಲಿಯಾದಂತೆ ಚೀಲ ಕುಗ್ಗುತ್ತದೆ, ಸ್ಪ್ರಿಂಗ್ ಅದನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ.

ಈಗಿನ ಸಣ್ಣ ಕಾರ್ಟ್ರಿಡ್ಜ್‌ಗಳಲ್ಲಿ ಹೆಚ್ಚಾಗಿ ಇರುವುದು ಸ್ಪಾಂಜ್. ನಿಮ್ಮದೂ ಇದೇ ಜಾತಿಯದು. ಸ್ಪಾಂಜಿನ ಸೂಕ್ಷ್ಮ ರಂಧ್ರಗಳು ಇಂಕನ್ನು ಹೀರಿ ಹಿಡಿಯುತ್ತವೆ. ನೋಜಲ್‌ನ ಕಡೆ ಸ್ಪಾಂಜನ್ನು ಹೆಚ್ಚು ಒತ್ತಿ ಕೂರಿಸಿರುತ್ತಾರೆ, ಅಲ್ಲಿ ರಂಧ್ರಗಳು ಇನ್ನೂ ಕಿರಿದಾಗಿ ಇಂಕು ತಾನಾಗಿ ಆ ಕಡೆಗೇ ಸರಿಯುತ್ತದೆ. ಖರ್ಚಾದ ಇಂಕಿನ ಜಾಗಕ್ಕೆ ಗಾಳಿ ಬರಬೇಕಲ್ಲ, ಅದಕ್ಕೆ ಕಾರ್ಟ್ರಿಡ್ಜ್‌ನ ಮೇಲ್ಭಾಗದಲ್ಲಿ ಸಣ್ಣ ತೂತುಗಳಿವೆ. ನೇರ ತೂತು ಬಿಟ್ಟರೆ ಇಂಕ್ ಒಣಗುತ್ತದೆ, ಅಲುಗಾಡಿದಾಗ ಹೊರಗೂ ಬರುತ್ತದೆ. ಆದ್ದರಿಂದ ತೂತಿನಿಂದ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುವ ಕೂದಲೆಳೆಯ ಕಾಲುವೆ ಕೊರೆದು, ಅದರ ಮೇಲೆ ಲೇಬಲ್ ಅಂಟಿಸುತ್ತಾರೆ. ಕಾಲುವೆಯ ಕೊನೆ ಮಾತ್ರ ಹೊರಗಿನ ಗಾಳಿಗೆ ತೆರೆದಿರುತ್ತದೆ. ಆ ಲೇಬಲ್ ಬರೀ ಹೆಸರಿನ ಚೀಟಿಯಲ್ಲ, ಕಾಲುವೆಯ ಮೇಲ್ಛಾವಣಿ. ನನಗೆ ಇಡೀ ಕಾರ್ಟ್ರಿಡ್ಜ್‌ನಲ್ಲಿ ಅತ್ಯಂತ ಜಾಣತನದ ಕೆಲಸ ಎನಿಸುವುದು ಇದೇ.

ಇನ್ನೊಂದು ಬಗೆ ಕ್ಯಾನನ್‌ನ ಬಿಡಿ ಬಣ್ಣದ ಟ್ಯಾಂಕುಗಳಲ್ಲಿದೆ. ಅರ್ಧ ಭಾಗ ಸ್ಪಾಂಜ್, ಅರ್ಧ ಭಾಗ ಬರೀ ಇಂಕು ತುಂಬಿದ ಮುಚ್ಚಿದ ಕೋಣೆ, ತಳದಲ್ಲಿ ನಡುವೆ ಸಣ್ಣ ಕಿಂಡಿ. ಅಂಗಡಿಯಲ್ಲಿ 20 ಲೀಟರ್ ನೀರಿನ ಕ್ಯಾನ್ ಬೋರಲು ಹಾಕಿ ಇಟ್ಟಾಗ ಒಂದು ಗುಳ್ಳೆ ಮೇಲೆ ಹೋದರೆ ಮಾತ್ರ ಒಂದಿಷ್ಟು ನೀರು ಕೆಳಗೆ ಇಳಿಯುತ್ತದೆ, ಇಲ್ಲಿಯೂ ಹಾಗೆಯೇ. ಸ್ಪಾಂಜ್ ಒಣಗಿದಷ್ಟು ಮಾತ್ರ ಗಾಳಿ ಕಿಂಡಿ ದಾಟುತ್ತದೆ, ಅಷ್ಟೇ ಇಂಕು ಇಳಿಯುತ್ತದೆ. ಆ ಮುಚ್ಚಿದ ಕೋಣೆಗೆ ಮೇಲೊಂದು ತೂತು ಬಿದ್ದರೆ ಎಲ್ಲ ಇಂಕು ಒಮ್ಮೆಲೇ ಸುರಿಯುತ್ತದೆ.

ಫೋಟೋ ಸ್ಟುಡಿಯೋದವರು, ಚಿತ್ರದುರ್ಗ

ಮೇಷ್ಟ್ರು ಹೇಳಿದ್ದಕ್ಕೆ ನಮ್ಮ ಕಡೆಯ ಬಿಸಿಲನ್ನೂ ಎತ್ತರವನ್ನೂ ಸೇರಿಸುತ್ತೇನೆ. ಫೋಟೋ ಪ್ರಿಂಟರಿನ ಇಂಕು ಮಂಗಳೂರಿನಿಂದಲೂ ತಂದಿದ್ದೇನೆ, ಬೆಂಗಳೂರಿನಿಂದಲೂ ತಂದಿದ್ದೇನೆ. ಘಟ್ಟದ ಕೆಳಗಿಂದ ತಂದಾಗಲೇ ಸೋರಿಕೆ ಜಾಸ್ತಿ. ಚಿತ್ರದುರ್ಗ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ನೂರಕ್ಕೆ ಎಂಟರ ಆಸುಪಾಸು ಕಡಿಮೆ. ಕಾರ್ಟ್ರಿಡ್ಜ್ ಒಳಗೆ ಸಿಕ್ಕಿಬಿದ್ದ ಗಾಳಿ ಅಷ್ಟು ಹಿಗ್ಗುತ್ತದೆ, ಇಂಕನ್ನು ಹೊರಕ್ಕೆ ನೂಕುತ್ತದೆ. ಬಿಸಿಯೂ ಇದೇ ಕೆಲಸ ಮಾಡುತ್ತದೆ: 20 ಡಿಗ್ರಿ ಏರಿದರೆ ಗಾಳಿ ನೂರಕ್ಕೆ ಆರೇಳು ಪಾಲು ಹಿಗ್ಗುತ್ತದೆ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಅಷ್ಟು ಏರುವುದಕ್ಕೆ ಹೊತ್ತು ಬೇಕಿಲ್ಲ.

ಹೊಸ, ತುಂಬಿದ ಕಾರ್ಟ್ರಿಡ್ಜ್ ಸೋರುವುದು ಅಪರೂಪ. ಹೆಚ್ಚು ಸೋರುವುದು ಅರ್ಧ ಬಳಸಿದ್ದು, ಯಾಕೆಂದರೆ ಹಿಗ್ಗುವುದಕ್ಕೆ ಗಾಳಿ ಇರುವುದು ಅದರಲ್ಲೇ. ಅದಕ್ಕೆ ಬಳಸಿದ ಕಾರ್ಟ್ರಿಡ್ಜ್ ಒಯ್ಯುವಾಗ ನೋಜಲ್ ಅಥವಾ ಇಂಕಿನ ಬಾಯಿಗೆ ಅದರದೇ ಪ್ಲಾಸ್ಟಿಕ್ ಕ್ಲಿಪ್ ಹಾಕಿ, ಪ್ರಿಂಟರ್‌ನಲ್ಲಿ ಹೇಗೆ ಕೂರುತ್ತದೋ ಹಾಗೇ ನಿಲ್ಲಿಸಿ, ಜಿಪ್ ಕವರಿನಲ್ಲಿ ಇಡಿ. ನೋಜಲ್‌ನಿಂದ ಒಮ್ಮೆ ಕಿತ್ತ ಟೇಪನ್ನು ಮತ್ತೆ ಅಂಟಿಸಬಾರದು. ಟೇಪಿನ ಅಡಿಯಲ್ಲೇ ಒಂದು ಬಣ್ಣ ಇನ್ನೊಂದರ ರಂಧ್ರಕ್ಕೆ ಹರಿದು ಬಣ್ಣ ಕೆಡುತ್ತದೆ.

ನನ್ನಲ್ಲಿರುವುದು ಎಪ್ಸನ್. ಅದರಲ್ಲಿ ಹೆಡ್ ಪ್ರಿಂಟರ್‌ಗೆ ಸೇರಿದ್ದು, ಕಾರ್ಟ್ರಿಡ್ಜ್ ಬರೀ ಇಂಕಿನ ಡಬ್ಬಿ. ಬಾಯಲ್ಲಿ ಸ್ಪ್ರಿಂಗ್ ವಾಲ್ವ್ ಇದೆ, ಪ್ರಿಂಟರಿನ ಸೂಜಿ ಒಳಹೊಕ್ಕಾಗ ಮಾತ್ರ ತೆರೆಯುತ್ತದೆ. ಹೊಸದನ್ನು ನಿರ್ವಾತ ಪ್ಯಾಕೆಟ್‌ನಲ್ಲಿ ಕೊಟ್ಟಿರುತ್ತಾರೆ, ಹಾಕುವ ದಿನದವರೆಗೆ ಅದನ್ನು ಹರಿಯಬೇಡಿ. ಇಂಥವುಗಳಲ್ಲಿ ಹಳದಿ ಪಟ್ಟಿ ಇದ್ದರೆ ಅದನ್ನು ಪೂರ್ತಿ ಕಿತ್ತೇ ಹಾಕಬೇಕು. ಗಾಳಿ ತೂತನ್ನು ಮುಚ್ಚಿರುವುದು ಅದೇ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರು ಹೇಳಿದ್ದನ್ನು ಓದಿ ಕಾರ್ಟ್ರಿಡ್ಜ್‌ನ ಮೇಲ್ಭಾಗ ಬೆಳಕಿಗೆ ಹಿಡಿದು ನೋಡಿದೆ. ಕಂಪನಿಯ ಲೇಬಲ್ಲೇ ಇಲ್ಲ. ರೀಫಿಲ್ ಮಾಡಿದ ಅಂಗಡಿಯವರು ಅದನ್ನು ಕಿತ್ತು, ತೂತು, ಕಾಲುವೆ ಎಲ್ಲ ಮುಚ್ಚುವ ಹಾಗೆ ಅಗಲದ ಸೆಲ್ಲೋಟೇಪ್ ಬಿಗಿಯಾಗಿ ಅಂಟಿಸಿದ್ದಾರೆ. ಟೇಪಿನ ಅಡಿಯಲ್ಲಿ ನೀಲಿ ಇಂಕು ತೆಳ್ಳಗೆ ಹರಡಿದೆ. ಅಂಚಿನ ಬಳಿ ಹಳದಿಯ ಜೊತೆ ಸೇರಿ ಹಸಿರಾಗಿದೆ.

ಉಪನ್ಯಾಸಕರು

ಸಿಕ್ಕಿತು ನೋಡಿ ಕಾರಣ. ಬೆಳಗ್ಗೆ ಪ್ರಿಂಟ್ ತೆಗೆದಂತೆ ಇಂಕು ಖರ್ಚಾಗುತ್ತದೆ, ಅದರ ಜಾಗಕ್ಕೆ ಗಾಳಿ ಬರಲು ದಾರಿಯಿಲ್ಲ, ಎಳೆತ ಹೆಚ್ಚುತ್ತ ಹೋಗಿ ನೋಜಲ್ ಬತ್ತುತ್ತದೆ. ಹಾಗೇ ಬಿಟ್ಟಾಗ ನೋಜಲ್ ಮೂಲಕವೇ ಒಂದಿಷ್ಟು ಗಾಳಿ ಒಳಗೆ ಸೇರುತ್ತದೆ. ಮಧ್ಯಾಹ್ನ ಮಾಡು ಕಾದಾಗ ಆ ಗಾಳಿ ಹಿಗ್ಗುತ್ತದೆ, ಮೇಲೆ ಹೋಗಲು ತೂತಿಲ್ಲ, ಇಂಕನ್ನೇ ಕೆಳಗೆ ತಳ್ಳುತ್ತದೆ. ತೂತು ತೆರೆದಿದ್ದರೆ ಹಿಗ್ಗಿದ ಗಾಳಿ ಸುಮ್ಮನೆ ಹೊರಗೆ ಹೋಗುತ್ತಿತ್ತು. ಬಿಸಿಲಿಗೆ ಸ್ಪಾಂಜ್ ಕಾರ್ಟ್ರಿಡ್ಜ್ ಜಗ್ಗದೇ ಇರುವುದು ಆ ತೂತಿನಿಂದಲೇ.

ಮನೆಯಲ್ಲೇ ರೀಫಿಲ್ ಮಾಡಿಕೊಳ್ಳುವವರು, ಹರಿಹರ

ಹಾಗಾದರೆ ಬಿಸಾಡಬೇಡಿ ಮೇಡಂ, ಸರಿಯಾಗುವ ಸಾಧ್ಯತೆ ಇದೆ. ಕೆಳಗೆ ಹಳೆ ಪೇಪರ್ ಹಾಕಿ ಟೇಪ್ ನಿಧಾನ ಬಿಚ್ಚಿ, ಮೇಲೆ ಹರಡಿದ ಇಂಕನ್ನು ಟಿಶ್ಯೂ ಚೂಪು ಮಾಡಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ತೂತಿನೊಳಗೆ ಇಣುಕಿ: ಸ್ಪಾಂಜಿನ ಮೇಲ್ಮೈ ಹೊಳೆಯುತ್ತಿದ್ದರೆ, ಇಂಕು ನಿಂತಿದ್ದರೆ ಅದು ಅತಿ ತುಂಬಿದೆ. ಪೂರ್ತಿ ತೊಯ್ದ ಸ್ಪಾಂಜ್‌ಗೆ ಹಿಡಿದಿಡುವ ಶಕ್ತಿ ಉಳಿಯುವುದಿಲ್ಲ. ಬಣ್ಣಕ್ಕೊಂದು ಬೇರೆ ಸಿರಿಂಜ್ ಇಟ್ಟುಕೊಂಡು, ಮೇಲೆ ನಿಂತಷ್ಟು ಇಂಕು ವಾಪಸ್ ಎಳೆಯಿರಿ. ಮೇಲ್ಭಾಗ ಸ್ವಲ್ಪ ಒಣಗಿದಂತೆ, ಮಂಕಾಗಿ ಕಾಣಬೇಕು. ಆಮೇಲೆ ತೂತುಗಳ ಮೇಲೆ ಸಡಿಲವಾಗಿ ಒಂದು ಲೇಬಲ್ ಅಂಟಿಸಿ, ಕಾಲುವೆಯ ತುದಿ ತೆರೆದೇ ಇರಲಿ. ಟಿಶ್ಯೂ ಮೇಲೆ ಮೂರು ಗೆರೆ ಬಿಡಿಬಿಡಿಯಾಗಿ ಬರುವವರೆಗೆ ಒತ್ತಿ ನೋಡಿ.

ಮುಂದೆ ಎಲ್ಲೇ ರೀಫಿಲ್ ಮಾಡಿಸಿದರೂ ಎದುರಿಗೇ ನಿಂತು ಮಾಡಿಸಿ. ಸೂಜಿ ಸ್ಪಾಂಜಿನ ನಡುವಿನವರೆಗೆ ಹೋಗಬೇಕು, ಇಂಕು ನಿಧಾನಕ್ಕೆ ಬಿಡಬೇಕು. ಗಡಿಬಿಡಿಯಲ್ಲಿ ಒತ್ತಿದರೆ ಸ್ಪಾಂಜಿನಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಕ್ಯಾನನ್‌ನ ಎರಡು ಕೋಣೆಯ ಟ್ಯಾಂಕು ಮಾತ್ರ ಇದಕ್ಕೆ ತದ್ವಿರುದ್ಧ. ಅದರಲ್ಲಿ ಇಂಕು ಹಾಕಲು ಕೊರೆದ ತೂತನ್ನು ಗಾಳಿ ಆಡದ ಹಾಗೆ ಬಿಗಿಯಾಗಿ ಮುಚ್ಚಲೇಬೇಕು, ಸ್ಪಾಂಜ್ ಕಡೆಯ ತೂತು ತೆರೆದಿರಬೇಕು. ಎರಡಕ್ಕೂ ಒಂದೇ ಮದ್ದು ಮಾಡುವವರ ಕೈಗೆ ಕೊಡಬೇಡಿ.

ಟ್ಯೂಷನ್ ನಡೆಸುವವರು, ಹೊಳಲ್ಕೆರೆ

ನಾನು ಟ್ಯಾಂಕ್ ಪ್ರಿಂಟರ್‌ಗೆ ಬದಲಾದೆ, ದಿನವೂ ಕಲರ್ ಕೆಲಸ ಇರುವವರಿಗೆ ಅದೇ ವಾಸಿ ಅನ್ನುತ್ತೇನೆ. ವಾರಕ್ಕೆ ನಾಲ್ಕು ಪೇಜು ತೆಗೆಯುವವರಿಗೆ ಬೇಡ. ಎಪ್ಸನ್ ಎಲ್ ಸರಣಿಯವು ಮೊದಲು ಬಂದದ್ದು 2010ರಲ್ಲಿ. ಅದರಲ್ಲಿ ಸೋರಿಕೆ ತಡೆಯುವ ಉಪಾಯ ಬೇರೆ: ಟ್ಯಾಂಕಿನ ಇಂಕಿನ ಮಟ್ಟ ಹೆಡ್‌ಗಿಂತ ಕೆಳಗಿರುತ್ತದೆ, ಆ ಎತ್ತರದ ವ್ಯತ್ಯಾಸವೇ ಎಳೆತ ಕೊಡುತ್ತದೆ. ಹಾಗಾಗಿ ಪ್ರಿಂಟರನ್ನು ಓರೆಯಾಗಿ ಹಿಡಿದರೆ, ಮೇಲಿನ ಗೆರೆ ದಾಟಿ ಇಂಕು ತುಂಬಿದರೆ ಆ ಲೆಕ್ಕ ತಪ್ಪುತ್ತದೆ.

ತಂಗಿಗೆ ಕಳಿಸುವ ಪ್ರಿಂಟರ್ ಟ್ಯಾಂಕಿನದಾದರೆ, ಕೆಲವು ಮಾದರಿಗಳ ಪಕ್ಕದಲ್ಲಿ ಸಾಗಣೆಗಾಗಿಯೇ ಒಂದು ತಿರುಗುಣಿ ಇರುತ್ತದೆ, ಅದನ್ನು ಮುಚ್ಚಿ. ಟ್ಯಾಂಕಿನ ಬಿರಡೆಗಳನ್ನು ಗಟ್ಟಿಯಾಗಿ ಒತ್ತಿ. ಬಸ್ಸಿನ ಡಿಕ್ಕಿಗೆ ಹಾಕದೆ ಕಾಲ ಬಳಿ ಮಟ್ಟಸವಾಗಿ ಇಟ್ಟುಕೊಂಡು ಹೋಗಲು ಯಾರಾದರೂ ಸಿಕ್ಕರೆ ಒಳ್ಳೆಯದು. ಕಾರ್ಟ್ರಿಡ್ಜ್‌ನದಾದರೆ ಸ್ಟುಡಿಯೋದವರು ಹೇಳಿದಂತೆ ಮಾಡಿ.

ರಿಪೇರಿ ಮಾಡುವವರು

ಅಕ್ಕಾರೆ, ಇನ್ನೆರಡು ಮಾತು. ಇಂಕ್ ಹರಿದಿದ್ರ ಕಾರ್ಟ್ರಿಡ್ಜ್‌ನ ತಾಮ್ರದ ಬಣ್ಣದ ಚುಕ್ಕೆಗಳಿಗೂ ತಾಗಿರ್ತೈತಿ, ಹಂಗೇ ಹಾಕಿದ್ರ ಪ್ರಿಂಟರ್ ಕಾರ್ಟ್ರಿಡ್ಜ್ ಗುರುತಿಸಂಗಿಲ್ಲ. ಎಳೆ ಬಿಡದ ಬಟ್ಟೆಗೆ ಡಿಸ್ಟಿಲ್ಡ್ ವಾಟರ್ ತೇವ ಮಾಡಿ ಒರೆಸಿ, ಪೂರ್ತಿ ಒಣಗಿದ್ಮೇಲೆ ಹಾಕ್ರಿ. ಕ್ಯಾರೇಜ್ ಒಳಗಿನ ಪಿನ್ನುಗಳನ್ನೂ ಹಂಗೇ ಒರೆಸ್ರಿ, ಆಗ ಪ್ಲಗ್ ಕಿತ್ತಿರಬೇಕು.

ಮತ್ತೆ ರಾತ್ರಿ ಅಂಗಡಿ ಮುಚ್ಚೋವಾಗ ಗೋಡೆ ಸ್ವಿಚ್ ಆಫ್ ಮಾಡಿ ಹೋಗಬ್ಯಾಡ್ರಿ. ಪ್ರಿಂಟರ್‌ದೇ ಬಟನ್ ಒತ್ರಿ. ಆಗ ಹೆಡ್ ಬಲಗಡೆ ಹೋಗಿ ರಬ್ಬರ್ ಟೋಪಿ ಮ್ಯಾಲೆ ಕೂರ್ತೈತಿ, ನೀವು ಕೇಳಿದ ಮುಚ್ಚಳ ಅಂದ್ರ ಅದೇ. ಅದು ಕೂತ ಸದ್ದು ನಿಂತ ಮ್ಯಾಲೆ ಗೋಡೆ ಸ್ವಿಚ್ ತೆಗೀರಿ. ಆ ರಬ್ಬರಿನ ಅಂಚಿನಾಗ ಗಟ್ಟಿಯಾದ ಇಂಕ್ ಇದ್ರ ಒದ್ದೆ ಇಯರ್‌ಬಡ್‌ನಾಗ ಮೆಲ್ಲಗೆ ತೆಗೀರಿ. ಕಾರ್ಟ್ರಿಡ್ಜ್ ಸರಿ ಮಾಡಿದ್ಮೇಲೂ ಹನಿ ನಿಲ್ಲಲಿಲ್ಲ ಅಂದ್ರ ಅಂಗಡಿಗೆ ತಗೊಂಬರ್ರಿ, ಹೆಡ್ ತಟ್ಟೆ ಬಿರುಕು ಬಿಟ್ಟೇತೇನು ಅಂತ ಲೆನ್ಸ್ ಹಿಡಿದು ನೋಡೋಣ.