ಎರಡು ನಿಮಿಷದ ಥ್ರಿಲ್ಲರ್ ಓಪನಿಂಗ್ ಮಾಡಬೇಕು, ಎಲ್ಲಿಂದ ಶುರು ಮಾಡ್ಲಿ?

ಕೇಳಿದವರು: ಹಾಸನದ ಪತ್ರಿಕೋದ್ಯಮ ವಿದ್ಯಾರ್ಥಿನಿ

ಅಣ್ಣಂದಿರೇ, ಅಕ್ಕಂದಿರೇ, ಹಾಸನದಲ್ಲಿ ಡಿಗ್ರಿ ಓದ್ತಿದ್ದೀನಿ. ಈ ಸೆಮಿಸ್ಟರ್ ಪ್ರಾಜೆಕ್ಟಿಗೆ ಒಂದು ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ ಅನ್ನೋ ಹಾಗೆ ಶೂಟ್ ಮಾಡಿ ಕೊಡಬೇಕು. ಜೊತೆಗೆ ಬೇರೆ ಸಿನಿಮಾಗಳ ಓಪನಿಂಗ್ ನೋಡಿ ವಿಶ್ಲೇಷಣೆ ಬರೆಯಬೇಕು. ನನ್ನ ಹತ್ರ ಒಂದು ಫೋನ್ ಇದೆ, ಮೂರು ಜನ ಗೆಳತಿಯರಿದ್ದಾರೆ, ಸಕಲೇಶಪುರದ ಹತ್ತಿರ ದೊಡ್ಡಮ್ಮನ ಮನೆ, ತೋಟ ಇದೆ. ಕಥೆ ಯೋಚಿಸಿದ್ರೆ ಕೊಲೆ, ರಕ್ತ, ಓಡೋದು ಇಷ್ಟೇ ಬರ್ತಿದೆ. ವಿಶ್ಲೇಷಣೆ ಬರೆಯೋಕೆ ಕೂತರೆ ಕಥೆಯ ಸಾರಾಂಶ ಆಗ್ತಿದೆ. ಮಾಡಿ ಗೊತ್ತಿರೋರು ದಯವಿಟ್ಟು ಹೇಳಿ.

ಚಿಕ್ಕಮಗಳೂರಿನಿಂದ, ವಿಡಿಯೊ ಎಡಿಟಿಂಗ್ ಮಾಡುವವರು

ನೋಡಮ್ಮ, ಮೊದಲು ಕಥೆ ಹುಡುಕೋದು ಬಿಡು. ಎರಡು ನಿಮಿಷದಲ್ಲಿ ಕಥೆ ಹೇಳೋಕೆ ಆಗಲ್ಲ, ಹೇಳಲೂಬಾರದು. ಓಪನಿಂಗ್ ಮಾಡಬೇಕಾದ ಕೆಲಸ ಒಂದೇ. ನೋಡುವವರ ತಲೆಗೆ ಒಂದು ಪ್ರಶ್ನೆ ಹಾಕಿ, ಉತ್ತರ ಕೊಡದೆ ಬಿಟ್ಟುಬಿಡೋದು. ಮೊದಲೇ ಕೊಲೆ ತೋರಿಸಿದರೆ ಉಳಿಯೋದು "ಯಾರು ಕೊಂದರು" ಅನ್ನೋ ಪ್ರಶ್ನೆ ಮಾತ್ರ, ಅದನ್ನು ಎಲ್ಲರೂ ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಒಂದು ಹಾಳೆ ತಗೊಂಡು ಒಂದೇ ಸಾಲು ಬರಿ: ಎರಡು ನಿಮಿಷ ಮುಗಿದಾಗ ನೋಡಿದವರು ಏನು ಕೇಳಬೇಕು? ಆ ಸಾಲು ಬರುವ ತನಕ ಕ್ಯಾಮೆರಾ ಮುಟ್ಟಬೇಡ.

ಆಮೇಲೆ ಇನ್ನೊಂದು ತೀರ್ಮಾನ ಮಾಡ್ಕೊ. ನೋಡುವವರಿಗೆ ಪಾತ್ರಕ್ಕಿಂತ ಜಾಸ್ತಿ ಗೊತ್ತಿರಬೇಕಾ, ಕಮ್ಮಿ ಗೊತ್ತಿರಬೇಕಾ? ಸಸ್ಪೆನ್ಸ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ 1962ರಲ್ಲಿ ಫ್ರಾನ್ಸಿನ ನಿರ್ದೇಶಕ ತ್ರುಫೋ ಜೊತೆ ಕೂತು ಮಾತಾಡಿದಾಗ ಇದನ್ನು ಒಂದು ಬಾಂಬಿನ ಉದಾಹರಣೆ ಕೊಟ್ಟು ವಿವರಿಸಿದ್ದಾರೆ. ಮೇಜಿನ ಕೆಳಗೆ ಬಾಂಬ್ ಇರೋದು ಯಾರಿಗೂ ಗೊತ್ತಿಲ್ಲದೆ ಸಿಡಿದರೆ ನಾವು ಒಂದು ಸಲ ಬೆಚ್ಚಿಬೀಳ್ತೀವಿ, ಅಲ್ಲಿಗೆ ಮುಗೀತು. ಅದೇ ಬಾಂಬ್ ಇರೋದು ನಮಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಹರಟೆ ಹೊಡೀತಾ ಕೂತವರಿಗೆ ಗೊತ್ತಿಲ್ಲದೆ ಇದ್ದರೆ, ಆ ಹರಟೆಯ ಒಂದೊಂದು ಮಾತೂ ಎದೆ ಹೊಡ್ಕೊಳ್ಳೋ ಹಾಗೆ ಮಾಡುತ್ತೆ.

ಇದನ್ನು ಕಣ್ಣಾರೆ ನೋಡಬೇಕಂದ್ರೆ ಆರ್ಸನ್ ವೆಲ್ಸ್ ಅವರ 1958ರ 'ಟಚ್ ಆಫ್ ಈವಿಲ್' ಶುರುವಿನ ಶಾಟ್ ನೋಡು. ಮೂರು ನಿಮಿಷಕ್ಕೂ ಜಾಸ್ತಿ, ಮಧ್ಯೆ ಒಂದು ಕಟ್ ಕೂಡ ಇಲ್ಲ. ಒಬ್ಬ ಬಾಂಬಿಗೆ ಟೈಮರ್ ತಿರುಗಿಸಿ ಕಾರಿನ ಡಿಕ್ಕಿಯಲ್ಲಿ ಇಡ್ತಾನೆ. ಏನೂ ಗೊತ್ತಿಲ್ಲದ ಇಬ್ಬರು ಬಂದು ಕಾರು ಹತ್ತಿ ಹೊರಡ್ತಾರೆ. ಕ್ರೇನ್ ಮೇಲಿನ ಕ್ಯಾಮೆರಾ ಗಡಿ ಊರಿನ ಬೀದಿಯುದ್ದಕ್ಕೂ ಅವರ ಜೊತೆ ಹೋಗುತ್ತೆ. ಜನ ಅಡ್ಡ ಬರ್ತಾರೆ, ಕಾರು ನಿಲ್ಲುತ್ತೆ, ಮತ್ತೆ ಹೊರಡುತ್ತೆ, ನಡ್ಕೊಂಡು ಹೋಗ್ತಿರೋ ಗಂಡ ಹೆಂಡತಿ ಅದರ ಪಕ್ಕಕ್ಕೇ ಬಂದು ಮತ್ತೆ ದೂರ ಹೋಗ್ತಾರೆ. ಕಾರಿನಲ್ಲಿರೋ ಹೆಂಗಸು ತಲೆಯಲ್ಲಿ ಟಿಕ್ ಟಿಕ್ ಅಂತಿದೆ ಅಂತ ಗಡಿ ಕಾವಲಿನವನಿಗೆ ಹೇಳ್ತಾಳೆ, ಅವನು ಕಿವಿಗೇ ಹಾಕ್ಕೊಳ್ಳಲ್ಲ. ಅಲ್ಲಿ ಒಂದು ತೊಟ್ಟು ರಕ್ತವೂ ಇಲ್ಲ. ಆದರೂ ನಾವು ಕಣ್ಣು ತೆಗೆಯೋಕೆ ಆಗಲ್ಲ. ಕ್ರೇನ್ ಬಿಡು, ಪಾತ್ರಕ್ಕೆ ಗೊತ್ತಿಲ್ಲದ್ದನ್ನು ನೋಡುವವರಿಗೆ ಮೊದಲೇ ತೋರಿಸೋದು ನಿನ್ನ ಮೂರು ಜನ ಗೆಳತಿಯರ ಜೊತೆಗೂ ಆಗುವಂಥ ಕೆಲಸ, ದುಡ್ಡು ಬೇಕಿಲ್ಲ.

ಈಗ ವಿಶ್ಲೇಷಣೆ. ಅದು ಸಾರಾಂಶ ಆಗ್ತಿರೋದು ಯಾಕಂದ್ರೆ ನೀನು ಪೂರ್ತಿ ನೋಡಿ, ಎದ್ದು ಹೋಗಿ, ನೆನಪಿನಿಂದ ಬರೀತಿದ್ದೀಯ. ಹಾಗೆ ಮಾಡಬೇಡ. ನೋಟ್‌ಬುಕ್‌ನಲ್ಲಿ ಐದು ಕಾಲಂ ಗೆರೆ ಹಾಕು. ಸಮಯ, ಕಂಡದ್ದು, ಕೇಳಿಸಿದ್ದು, ಇಲ್ಲಿಗೆ ನನಗೆ ಏನು ಗೊತ್ತಾಯ್ತು, ಏನು ಗೊತ್ತಾಗಲಿಲ್ಲ. ಒಂದೊಂದು ಶಾಟಿಗೂ ನಿಲ್ಲಿಸಿ ತುಂಬಿಸು. ಮೊದಲ ಮೂರು ಕಾಲಂ ಬರೀ ವಿವರ. ಕೊನೆಯ ಎರಡರಲ್ಲಿ ಇರೋದೇ ವಿಶ್ಲೇಷಣೆ, ಮಾರ್ಕ್ಸ್ ಕೂಡ ಅಲ್ಲೇ.

ಹಿಚ್‌ಕಾಕ್ ಅವರ 1960ರ 'ಸೈಕೋ' ತಗೋ. ಟೈಟಲ್ ಮುಗಿದ ಮೇಲೆ ಪರದೆ ಮೇಲೆ ಅಕ್ಷರ ಬರುತ್ತೆ. ಅರಿಜೋನಾದ ಫೀನಿಕ್ಸ್, ಶುಕ್ರವಾರ, ಡಿಸೆಂಬರ್ 11, ಮಧ್ಯಾಹ್ನ 2 ಗಂಟೆ 43 ನಿಮಿಷ. ಕ್ಯಾಮೆರಾ ಊರಿನ ಮೇಲೆ ಹಾಯ್ದು ಬಂದು ಒಂದು ಹೋಟೆಲ್ ಕಿಟಕಿಯೊಳಗೆ ಹೋಗುತ್ತೆ. ಒಳಗೆ ಮಧ್ಯಾಹ್ನದ ಬಿಡುವಿನಲ್ಲಿ ಗುಟ್ಟಾಗಿ ಭೇಟಿಯಾದ ಒಂದು ಜೋಡಿ. "ಕ್ಯಾಮೆರಾ ಕಿಟಕಿಯೊಳಗೆ ಹೋಗುತ್ತದೆ, ಇದು ಕುತೂಹಲ ಮೂಡಿಸುತ್ತದೆ" ಅಂತ ಬರೆದರೆ ಓದುವ ಮೇಷ್ಟ್ರಿಗೆ ಏನೂ ಸಿಗಲ್ಲ. ಹೀಗೆ ಬರೆದು ನೋಡು: "ಊರಿನ ಅಷ್ಟು ಕಿಟಕಿಗಳಲ್ಲಿ ಕ್ಯಾಮೆರಾ ಒಂದನ್ನು ಆರಿಸಿಕೊಳ್ಳುತ್ತದೆ. ಪೂರ್ತಿ ಇಳಿಸದ ಪರದೆಯ ಕೆಳಗಿನ ಸಂದಿಯಿಂದ ಒಳಗೆ ನುಸುಳುತ್ತದೆ. ಹಾಗಾಗಿ ಪಾತ್ರಗಳ ಪರಿಚಯ ಆಗುವ ಮೊದಲೇ ನಾವು ಕದ್ದು ನೋಡುವವರಾಗಿಬಿಡುತ್ತೇವೆ. ಮುಂದೆ ಇದೇ ಸಿನಿಮಾದಲ್ಲಿ ಗೋಡೆಯ ತೂತಿನಿಂದ ಇಣುಕುವ ಒಬ್ಬ ಬರುತ್ತಾನೆ. ಅವನು ಮಾಡುವುದನ್ನು ನಾವು ಆಗಲೇ ಮಾಡಿ ಮುಗಿಸಿರುತ್ತೇವೆ." ಶಾಟಿನ ಹೆಸರು ಹೇಳಿ ನಿಲ್ಲಬೇಡ. ಆ ಶಾಟ್ ನಮ್ಮನ್ನು ಎಲ್ಲಿ ನಿಲ್ಲಿಸಿತು ಅಂತ ಹೇಳು. ಇಷ್ಟು ಬಂದರೆ ಬಾಕಿ ತಾನಾಗೇ ಬರುತ್ತೆ.

ಹಾಸನದಿಂದ, ಸೌಂಡ್ ರೆಕಾರ್ಡಿಂಗ್ ಮಾಡುವವರು

ಮೇಲಿನ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಒಂದು ಸಲ ಸೌಂಡ್ ಆಫ್ ಮಾಡಿ ನೋಡಿ, ಇನ್ನೊಂದು ಸಲ ಕಣ್ಣು ಮುಚ್ಚಿ ಬರೀ ಕೇಳಿ. ಥ್ರಿಲ್ಲರ್‌ನಲ್ಲಿ ಅರ್ಧಕ್ಕರ್ಧ ಭಯ ಕಿವಿಯಿಂದ ಬರೋದು ಅಂತ ನಿಮಗೇ ಗೊತ್ತಾಗುತ್ತೆ.

ಅದೇ 'ಟಚ್ ಆಫ್ ಈವಿಲ್' ಇದಕ್ಕೆ ಒಳ್ಳೇ ಪಾಠ. 1958ರಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಸ್ಟುಡಿಯೊದವರು ಆ ಶಾಟಿನ ಮೇಲೆ ಹೆಸರುಗಳನ್ನು ಹಾಕಿ ಹೆನ್ರಿ ಮ್ಯಾನ್ಸಿನಿ ಸಂಗೀತ ಓಡಿಸಿದ್ದರು. ವೆಲ್ಸ್‌ಗೆ ಬೇಕಾಗಿದ್ದೇ ಬೇರೆ. ಅವರು ಸ್ಟುಡಿಯೊಗೆ 58 ಪುಟದ ಟಿಪ್ಪಣಿ ಬರೆದುಕೊಟ್ಟಿದ್ದರು. 1998ರಲ್ಲಿ ಎಡಿಟರ್ ವಾಲ್ಟರ್ ಮರ್ಚ್ ಅದನ್ನು ಇಟ್ಟುಕೊಂಡು ಸಿನಿಮಾವನ್ನು ಮತ್ತೆ ಎಡಿಟ್ ಮಾಡಿದರು. ಶುರುವಿನ ಶಾಟಿನಿಂದ ಹೆಸರುಗಳು ಹೋದವು. ಸಂಗೀತದ ಬದಲು ಬೀದಿಯ ಸದ್ದು ಬಂತು, ಒಂದೊಂದು ಕ್ಲಬ್ಬಿನಿಂದ ಒಂದೊಂದು ಹಾಡು, ಕಾರು ಹತ್ತಿರ ಬಂದಾಗ ಕಾರಿನ ರೇಡಿಯೊ. ಹಾಗಾಗಿ ಬಾಂಬ್ ಇರೋ ಕಾರು ಎಷ್ಟು ಹತ್ತಿರ ಇದೆ ಅಂತ ಕಿವಿಗೇ ಗೊತ್ತಾಗುತ್ತೆ. ಒಂದೇ ಶಾಟ್, ಎರಡು ಸೌಂಡ್. ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದರೆ ನಿಮ್ಮ ವಿಶ್ಲೇಷಣೆಗೆ ತೂಕ ಬರುತ್ತೆ.

ನಿಮ್ಮ ಶೂಟಿಂಗಿಗೆ: ಇನ್ನೊಂದು ಫೋನ್ ಯಾರದಾದರೂ ಇದ್ದರೆ ಅದನ್ನು ರೆಕಾರ್ಡರ್ ಮಾಡ್ಕೊಳ್ಳಿ, ಸದ್ದು ಎಲ್ಲಿ ಆಗುತ್ತೋ ಅದರ ಹತ್ತಿರ ಇಡಿ. ಟೇಕ್ ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೀರಿ, ಎಡಿಟ್ ಮಾಡುವಾಗ ಎರಡನ್ನೂ ಹೊಂದಿಸೋಕೆ. ಜಾಗ ಬಿಡೋ ಮೊದಲು ಯಾರೂ ಮಾತಾಡದೆ ಒಂದು ನಿಮಿಷ ಸುಮ್ನೆ ನಿಂತು ಅಲ್ಲಿನ ಸದ್ದು ರೆಕಾರ್ಡ್ ಮಾಡಿ. ತೋಟದಲ್ಲಿ ಜೀರುಂಡೆ ಕೂಗ್ತಾನೇ ಇರುತ್ತೆ, ಒಂದು ಟೇಕಿನಲ್ಲಿ ಜೋರು, ಇನ್ನೊಂದರಲ್ಲಿ ಮೆಲ್ಲಗೆ. ಕಟ್ ಮಾಡಿದಾಗ ಪ್ರತಿ ಸಲ ಕಿವಿಗೆ ಹೊಡೆಯುತ್ತೆ. ಆ ಒಂದು ನಿಮಿಷದ ಸದ್ದನ್ನು ಕೆಳಗೆ ಉದ್ದಕ್ಕೂ ಹಾಸಿದರೆ ಕಟ್ ಕೇಳಿಸಲ್ಲ.

ಸಕಲೇಶಪುರದಿಂದ, ತೋಟದ ಮನೆಯವರು

ಸಿನಿಮಾ ವಿಷಯ ಅಣ್ಣಂದಿರು ಹೇಳ್ತಾರೆ, ತೋಟದ್ದು ನಾನು ಹೇಳ್ತೀನಿ. ಕತ್ತಲೆ ಸೀನ್ ಅಂತ ಹೆಣ್ಣುಮಕ್ಕಳು ನಾಲ್ಕು ಜನ ರಾತ್ರಿ ತೋಟಕ್ಕೆ ಇಳೀಬೇಡಿ ಮಗಳೇ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಓಡಾಟ ಎಷ್ಟಿದೆ ಅಂತ ನಿಮಗೂ ಗೊತ್ತು. ಹೋಗೋ ಮೊದಲು ದೊಡ್ಡಮ್ಮನಿಗೋ, ತೋಟದ ಲೆಕ್ಕ ನೋಡೋ ರೈಟ್ರಿಗೋ ಹೇಳಿ, ಆನೆ ಯಾವ ಕಡೆ ಇದೆ ಅಂತ ಕೇಳ್ಕೊಂಡೇ ಹೋಗಿ. ಸಿಲ್ವರ್ ಓಕ್ ನೆರಳಿಗೆ ತೋಟದೊಳಗೆ ಬೇಗ ಮಬ್ಬು ಕವಿಯುತ್ತೆ. ರಸ್ತೆಯಲ್ಲಿ ಬಿಸಿಲಿದ್ದರೂ ಗಿಡದ ಬುಡದಲ್ಲಿ ಸಂಜೆ ಆಗಿರುತ್ತೆ. ಹಾಗಾಗಿ ನಾಲ್ಕು ಗಂಟೆಗೆ ಶುರು ಮಾಡಿ ಬೆಳಕಿರುವಾಗಲೇ ಮನೆ ಸೇರ್ಕೊಳ್ಳಿ. ಕೊಯ್ಲಿನ ಕಾಲದಲ್ಲಿ ಆಳುಗಳು ಕೆಲಸದಲ್ಲಿರ್ತಾರೆ, ಅವರನ್ನು ಕೇಳದೆ ಫೋನ್ ಹಿಡೀಬೇಡಿ.

ಚಾಕು, ಕೆಂಪು ಬಣ್ಣ, ಯಾರನ್ನೋ ಎಳ್ಕೊಂಡು ಹೋಗೋದು, ಇಂಥದ್ದೇನಾದರೂ ರಸ್ತೆ ಬದಿ ಮಾಡೋದಿದ್ದರೆ ಪೊಲೀಸ್ ಠಾಣೆಗೆ ಮೊದಲೇ ತಿಳಿಸಿ, ಕಾಲೇಜಿನ ಪತ್ರ ಕೈಯಲ್ಲಿರಲಿ. ದಾರೀಲಿ ಹೋಗೋರಿಗೆ ಅದು ನಾಟಕ ಅಂತ ಗೊತ್ತಾಗಲ್ಲ. ಮಂಜರಾಬಾದ್ ಕೋಟೆ, ಬೇಲೂರು, ಹಳೇಬೀಡು ಅಂತ ಆಸೆ ಆದರೆ ಅಲ್ಲಿ ಶೂಟಿಂಗಿಗೆ ಅನುಮತಿ ಬೇಕು, ಸುಮ್ನೆ ಹೋಗಿ ಟ್ರೈಪಾಡ್ ಇಡೋಕೆ ಬಿಡಲ್ಲ.

ಕೇಳಿದವರು

ತುಂಬಾ ಥ್ಯಾಂಕ್ಸ್, ಅಮ್ಮ, ರಾತ್ರಿ ಖಂಡಿತ ಇಳಿಯಲ್ಲ. ಇದನ್ನೆಲ್ಲ ಓದಿ ಒಂದು ಯೋಚನೆ ಬಂತು, ಕೊಲೆ ಇಲ್ಲ. ಮನೆ ಮುಂದಿನ ಕಣದಲ್ಲಿ ಕಾಫಿ ಒಣಗಲು ಹರವಿದೆ. ಹೊರಗೆ ಅಕ್ಕ ಕೋಲು ಕಟ್ಟಿದ ಹಲಗೆ ಹಿಡಿದು ಕಾಫಿ ಕೆದಕ್ತಿದ್ದಾಳೆ, ಒಳಗೆ ತಂಗಿ ಓದ್ತಾ ಕೂತಿದ್ದಾಳೆ. ಗರ ಗರ ಅಂತ ಸದ್ದು ಬರ್ತಾನೇ ಇರುತ್ತೆ. ಸದ್ದು ನಿಲ್ಲುತ್ತೆ. ತಂಗಿ ಕೂಗಿದರೆ ಉತ್ತರ ಇಲ್ಲ. ಹೊರಗೆ ಬಂದರೆ ಯಾರೂ ಇಲ್ಲ. ಇದು ಸಾಕಾ? ಮುಂದೆ ಹೇಗೆ ಪ್ಲಾನ್ ಮಾಡ್ಲಿ?

ಚಿಕ್ಕಮಗಳೂರಿನಿಂದ, ವಿಡಿಯೊ ಎಡಿಟಿಂಗ್ ಮಾಡುವವರು

ತುಂಬಾ ಚೆನ್ನಾಗಿದೆ! ಸದ್ದೇ ಕಥೆ ನಡೆಸ್ತಿದೆ, ಅದನ್ನು ಬಿಡಬೇಡ. ಒಂದು ಹೆಜ್ಜೆ ಮುಂದೆ ಹೋಗು. ತಂಗಿ ಕಣಕ್ಕೆ ಬಂದಾಗ ಹಲಗೆ ಬಿದ್ದಿರಲಿ. ಕಾಫಿ ಮೇಲೆ ಎಳೆದ ಗೆರೆಗಳು ನೇರವಾಗಿ ಬಂದು ಅರ್ಧಕ್ಕೆ ನಿಂತಿರಲಿ. ಆ ಗೆರೆಗಳ ಮೇಲೆ ಕ್ಯಾಮೆರಾ ಸ್ವಲ್ಪ ಹೊತ್ತು ನಿಲ್ಲಲಿ, ಅವಸರ ಬೇಡ. ಅವಳು ಬಗ್ಗಿ ಹಲಗೆ ಎತ್ತಿಕೊಳ್ಳುತ್ತಾಳೆ. ಆಗ ಮನೆ ಹಿಂದಿನಿಂದ ಅದೇ ಗರ ಗರ ಸದ್ದು ಮತ್ತೆ ಶುರುವಾಗುತ್ತೆ. ಹಲಗೆ ಇವಳ ಕೈಯಲ್ಲೇ ಇದೆ! ಅಲ್ಲಿಗೆ ಕಪ್ಪು ಪರದೆ, ಟೈಟಲ್. ನಿನ್ನ ಹಾಳೆಯ ಸಾಲು ಈಗ ಸಿಕ್ಕಿತು ನೋಡು: ಹಾಗಾದರೆ ಹಿಂದೆ ಸದ್ದು ಮಾಡ್ತಿರೋರು ಯಾರು?

ಅಕ್ಕನ ಮುಖ ತೋರಿಸಬೇಡ. ಕೈ, ಕಾಲು, ಹಲಗೆ ಸಾಕು. ಡೇವಿಡ್ ಫಿಂಚರ್ ಅವರ 1995ರ 'ಸೆವೆನ್' ಸಿನಿಮಾದ ಟೈಟಲ್ ನೋಡಿದ್ದೀಯಾ? ಕೈಲ್ ಕೂಪರ್ ಮಾಡಿದ್ದು, ಸುಮಾರು ನಿನ್ನ ಎರಡು ನಿಮಿಷದಷ್ಟೇ ಇದೆ. ಬರೀ ಬೆರಳುಗಳು, ಬ್ಲೇಡು, ದಾರ, ಪುಸ್ತಕದ ಹಾಳೆಗಳು. ಆ ಕೈ ಯಾರದು ಅಂತ ಗೊತ್ತಾಗೋಕೆ ಸಿನಿಮಾ ಬಹಳ ದೂರ ಹೋಗಬೇಕು. ಮುಖ ಇಲ್ಲದ ಕೈ ಕಂಡರೆ ನೋಡುವವರು ತಾವೇ ಹುಡುಕೋಕೆ ಶುರು ಮಾಡ್ತಾರೆ.

ಪ್ಲಾನಿಂಗಿಗೆ ಚಿತ್ರ ಬರೆಯೋಕೆ ಬರಲ್ಲ ಅಂತ ಕೂರಬೇಡ. ಕಣಕ್ಕೆ ಹೋಗಿ ಪ್ರತಿ ಶಾಟಿಗೂ ಫೋನಿನಲ್ಲಿ ಒಂದು ಫೋಟೊ ತೆಗಿ, ಗೆಳತಿಯನ್ನು ಆ ಜಾಗದಲ್ಲಿ ನಿಲ್ಲಿಸಿ. ಹದಿನೆಂಟೋ ಇಪ್ಪತ್ತೋ ಫೋಟೊ ಆಗಬಹುದು. ಎಡಿಟಿಂಗ್ ಆ್ಯಪ್‌ನಲ್ಲಿ ಸಾಲಾಗಿ ಜೋಡಿಸಿ, ಒಂದೊಂದಕ್ಕೆ ಬೇಕಾದ ಸೆಕೆಂಡ್ ಕೊಟ್ಟು, ಗರ ಗರ ಸದ್ದನ್ನು ಕೆಳಗೆ ಹಾಕು. ಇದಕ್ಕೆ ಅನಿಮ್ಯಾಟಿಕ್ ಅಂತಾರೆ. ಎಲ್ಲಿ ಎಳೆದ ಹಾಗಾಯ್ತು, ಎಲ್ಲಿ ಬೇಗ ಮುಗೀತು ಅಂತ ಅಲ್ಲೇ ಗೊತ್ತಾಗಿ, ಶೂಟಿಂಗ್ ದಿನ ಯಾರೂ ತಲೆ ಕೆರ್ಕೊಂಡು ನಿಲ್ಲಬೇಕಾಗಲ್ಲ. ಸದ್ದು ನಿಂತ ಮೇಲೆ ತಂಗಿ ತಲೆ ಎತ್ತೋ ತನಕ ಎಷ್ಟು ಹೊತ್ತು ಬಿಡಬೇಕು ಅನ್ನೋದೇ ನಿನ್ನ ಸಿನಿಮಾದ ಮುಖ್ಯ ತೀರ್ಮಾನ. ಮೂರು ನಾಲ್ಕು ಅಳತೆ ಹಾಕಿ ನೋಡು.

ಫೋನ್ ಸೆಟ್ಟಿಂಗ್: ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 50ರಲ್ಲಿ ಒಂದು ಭಾಗ. ನಮ್ಮ ಕರೆಂಟ್ 50 ಹರ್ಟ್ಸ್, ಇದಿಲ್ಲದಿದ್ದರೆ ಮನೆಯೊಳಗಿನ ಟ್ಯೂಬ್‌ಲೈಟ್ ಮಿನುಗೋದು ವಿಡಿಯೊದಲ್ಲಿ ಕಾಣಬಹುದು. ಎಕ್ಸ್‌ಪೋಶರ್ (ಬೆಳಕಿನ ಮಟ್ಟ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡು. ಮಂಜು ಬಂದರೆ ಆಟೋ ಫೋಕಸ್ ಒದ್ದಾಡಿಬಿಡುತ್ತೆ. ತಂಗಿ ಪರದೆಯ ಬಲಕ್ಕೆ ನೋಡಿ ಬಾಗಿಲ ಕಡೆ ಹೋದರೆ ಹೊರಗಿನ ಶಾಟಿಗೆ ಎಡದಿಂದ ಬಂದು ಬಲಕ್ಕೇ ಹೋಗಲಿ, ಇಲ್ಲಾಂದ್ರೆ ವಾಪಸ್ ಹೋದ ಹಾಗೆ ಕಾಣುತ್ತೆ.

ಹಾಸನದಿಂದ, ಕಾಲೇಜಿನಲ್ಲಿ ಮಾಧ್ಯಮ ಪಾಠ ಮಾಡುವವರು

ಮಾರ್ಕ್ಸ್ ಹಾಕುವ ಕಡೆಯಿಂದ ಎರಡು ಮಾತು. ವಿಶ್ಲೇಷಣೆಗೂ ನಿಮ್ಮ ಎರಡು ನಿಮಿಷಕ್ಕೂ ಸಂಬಂಧ ಕಾಣಬೇಕು. 'ಸೆವೆನ್'ನ ಕೈಗಳ ಬಗ್ಗೆ ಬರೆದರೆ, ಅಕ್ಕನ ಮುಖ ಯಾಕೆ ತೋರಿಸಲಿಲ್ಲ ಅನ್ನೋದಕ್ಕೆ ಅದನ್ನು ಕಟ್ಟಿ. ಸೌಂಡ್ ಬಗ್ಗೆ ಬರೆದರೆ ಗರ ಗರಕ್ಕೆ ಕಟ್ಟಿ. ಮತ್ತೆ ಇಂಗ್ಲಿಷ್ ಸಿನಿಮಾಗಳನ್ನೇ ತುಂಬಬೇಡಿ. ಸುನಿಲ್ ಕುಮಾರ್ ದೇಸಾಯಿ ಅವರ ಮೊದಲ ಸಿನಿಮಾ 'ತರ್ಕ', 1989ರದ್ದು, ಹಾಡೇ ಇಲ್ಲದ ಕನ್ನಡ ಥ್ರಿಲ್ಲರ್. ಹಾಡಿಲ್ಲದೆ ಸಿನಿಮಾವೇ ಇಲ್ಲ ಅನ್ನುತ್ತಿದ್ದ ಕಾಲದಲ್ಲಿ ಅಂಥದ್ದನ್ನು ಮಾಡಿದರು. ಅದರ ಓಪನಿಂಗಿಗೂ ನಿಮ್ಮ ಐದು ಕಾಲಂ ಹಾಕಿ.

ಟೈಟಲ್ ಅಕ್ಷರ ಮರೀಬೇಡಿ. ನಿರ್ಮಾಣ, ಕಲಾವಿದರು, ಸಂಕಲನ, ಕೊನೆಗೆ ನಿರ್ದೇಶನ, ಹೆಸರುಗಳು ದೃಶ್ಯದ ಖಾಲಿ ಜಾಗದಲ್ಲಿ ಬರಲಿ, ಮುಖದ ಮೇಲೆ ಬೇಡ. ಸದ್ದು ನಿಂತ ಮೇಲೆ ಒಂದೂ ಹೆಸರು ಹಾಕಬೇಡಿ. ಓದುತ್ತಾ ಕೂತವರಿಗೆ ಭಯ ಆಗಲ್ಲ.

ಮುಗಿದ ಮೇಲೆ ಕಥೆ ಗೊತ್ತಿಲ್ಲದ ಯಾರಿಗಾದರೂ ತೋರಿಸಿ. ಏನೂ ವಿವರಿಸದೆ, "ಈಗ ಏನು ಕೇಳಬೇಕು ಅನ್ನಿಸ್ತಿದೆ" ಅಂತಷ್ಟೇ ಕೇಳಿ. ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡು ನಿಮ್ಮ ಹಾಳೆಯ ಸಾಲಿನ ಪಕ್ಕ ಇಡಿ. ಎರಡೂ ಬೇರೆ ಆಗಿದ್ದರೆ ಎಡಿಟ್ ಬದಲಿಸಿ, ಏನು ಬದಲಿಸಿದಿರಿ ಅಂತ ಫೈಲಿನಲ್ಲಿ ಬರೆಯಿರಿ. ಅನಿಮ್ಯಾಟಿಕ್, ಮೊದಲ ಎಡಿಟ್, ಎರಡನೇ ಎಡಿಟ್ ಯಾವುದನ್ನೂ ಅಳಿಸಬೇಡಿ, ಪ್ರಾಜೆಕ್ಟ್ ಜೊತೆಗೇ ಕೊಡಿ.