ಬಫರ್‌ನಲ್ಲಿ ಬಣ್ಣ ಬದಲಿಸುವ ಸಂವೇದಕ ಸೀಗಡಿಯ ಮಾಂಸದಲ್ಲಿ ಏಕೆ ಕೈಕೊಡುತ್ತದೆ?

ಪ್ರಶ್ನೆ: ನೇತ್ರಾವತಿ_ದಡ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ. ಸೀಗಡಿ ಮತ್ತು ಕೋಳಿಮಾಂಸದಲ್ಲಿ ಉಳಿದಿರಬಹುದಾದ ನಿಷೇಧಿತ ಔಷಧಗಳ ಶೇಷವನ್ನು ಪತ್ತೆ ಹಚ್ಚುವ ಬಯೋಸೆನ್ಸರ್ (ಜೈವಿಕ ಅಣುಗಳನ್ನು ಬಳಸುವ ಸಂವೇದಕ) ನನ್ನ ಕೊನೆಯ ವರ್ಷದ ಯೋಜನೆಯ ವಿಷಯ. ಮೊದಲ ಗುರಿಯಾಗಿ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕವನ್ನು ಆರಿಸಿಕೊಂಡಿದ್ದೇನೆ.

ವಿಧಾನ ಸರಳವಾದದ್ದು. ಸಿಟ್ರೇಟ್‌ನಿಂದ ತಯಾರಿಸಿದ ಚಿನ್ನದ ನ್ಯಾನೊಕಣಗಳ ಕೆಂಪು ದ್ರಾವಣಕ್ಕೆ, ಈ ಔಷಧವನ್ನು ಗುರುತಿಸುವ ಆಪ್ಟಮರ್ ಎಂಬ ಒಂಟಿ ಎಳೆಯ ಡಿಎನ್‌ಎ ತುಣುಕನ್ನು ಸೇರಿಸುತ್ತೇನೆ. ಅದು ಕಣಗಳ ಮೇಲೆ ಅಂಟಿಕೊಂಡಿರುವವರೆಗೆ ಉಪ್ಪು ಹಾಕಿದರೂ ದ್ರಾವಣ ಕೆಂಪಾಗಿಯೇ ಇರುತ್ತದೆ. ಔಷಧ ಬಂದಾಗ ಆಪ್ಟಮರ್ ಕಣವನ್ನು ಬಿಟ್ಟು ಔಷಧವನ್ನು ಹಿಡಿಯುತ್ತದೆ, ರಕ್ಷಣೆ ತಪ್ಪಿದ ಕಣಗಳು ಉಪ್ಪಿನಿಂದಾಗಿ ಗುಂಪುಗೂಡಿ ನೀಲಿಯಾಗುತ್ತವೆ. ಬಫರ್‌ನಲ್ಲಿ, ಅಂದರೆ ಆಮ್ಲೀಯತೆ ಸ್ಥಿರವಾಗಿರುವ ಶುದ್ಧ ದ್ರಾವಣದಲ್ಲಿ, ಒಂದು ಮಿಲಿಲೀಟರಿಗೆ 10 ನ್ಯಾನೊಗ್ರಾಂವರೆಗೂ ನನಗೆ ಸ್ಪಷ್ಟವಾದ ನೀಲಿ ಸಿಕ್ಕಿದೆ.

ತೊಂದರೆ ಶುರುವಾದದ್ದು ಮಾಂಸದಿಂದ. ಇಲ್ಲಿನ ಮೀನುಗಾರಿಕಾ ಬಂದರಾದ ಧಕ್ಕೆಯಿಂದ ತಂದ ಸೀಗಡಿಯ 2 ಗ್ರಾಂ ಮಾಂಸವನ್ನು ಅರೆದು, ಔಷಧವನ್ನು ಧಾರಾಳವಾಗಿಯೇ ಬೆರೆಸಿ, 8 ಮಿಲಿಲೀಟರ್ ನೀರಿನಲ್ಲಿ ಕಲಕಿ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ಪರೀಕ್ಷಿಸಿದೆ. ಹೆಚ್ಚಿನ ಸಲ ದ್ರಾವಣ ಕೆಂಪಾಗಿಯೇ ಉಳಿಯುತ್ತದೆ. ಕೆಲವು ದಿನ ಔಷಧ ಬೆರೆಸದ ಮಾದರಿಯೂ ನೀಲಿಯಾಗುತ್ತದೆ! ಆಪ್ಟಮರ್ ಅನ್ನೇ ಬದಲಿಸಬೇಕೇ? ಇದೇ ವಿಧಾನವನ್ನು ಮುಂದೆ ನೈಟ್ರೋಫ್ಯೂರಾನ್‌ಗಳೆಂಬ ಇನ್ನೊಂದು ನಿಷೇಧಿತ ಪ್ರತಿಜೀವಕ ಗುಂಪಿಗೂ ವಿಸ್ತರಿಸಬಹುದೇ? ಇಂಥ ಉಪಕರಣ ನಿಜವಾಗಿ ಯಾರ ಕೈಗೆ ಸಿಕ್ಕರೆ ಉಪಯೋಗವಾದೀತು ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ_ತಕ್ಕಡಿ

ಮಂಗಳೂರಿನ ಮೀನು ಸಂಸ್ಕರಣಾ ಉದ್ಯಮಕ್ಕೆ ಸಂಬಂಧಿಸಿದ ಪ್ರಯೋಗಾಲಯದಲ್ಲಿ ಹಲವು ವರ್ಷ ಶೇಷ ಪರೀಕ್ಷೆ ಮಾಡಿ ನಿವೃತ್ತನಾದವನು ನಾನು. ಆಪ್ಟಮರ್ ಮೇಲೆ ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಸಂವೇದಕ ತಾನು ಕಂಡದ್ದನ್ನೇ ಹೇಳುತ್ತಿದೆ. ಅದರ ಮುಂದೆ ನೀವು ಇಟ್ಟದ್ದು ಔಷಧವಲ್ಲ, ಸೀಗಡಿಯ ಸಾರು.

ನೀರಿನಲ್ಲಿ ಕಲಕಿದಾಗ ಸ್ನಾಯುವಿನ ಕರಗುವ ಪ್ರೋಟೀನ್‌ಗಳೆಲ್ಲ ತಿಳಿಗೆ ಬರುತ್ತವೆ. ಅವು ಚಿನ್ನದ ಕಣಗಳ ಸುತ್ತ ಕವಚದಂತೆ ಕೂರುತ್ತವೆ, ಆಮೇಲೆ ಆಪ್ಟಮರ್ ಇದ್ದರೂ ಒಂದೇ, ಹೋದರೂ ಒಂದೇ, ಉಪ್ಪು ಕಣಗಳನ್ನು ಮುಟ್ಟಲಾರದು. ಅದಕ್ಕೇ ಕೆಂಪು ಉಳಿಯುತ್ತದೆ. ಪ್ರೋಟೀನ್ ಕಡಿಮೆ ಬಂದು ಮಾಂಸದ ಲವಣಾಂಶವೇ ಹೆಚ್ಚಾಗಿದ್ದ ದಿನ, ಔಷಧವಿಲ್ಲದೆಯೂ ಕಣಗಳು ಗುಂಪುಗೂಡಿ ನೀಲಿಯಾಗುತ್ತವೆ. ಸೀಗಡಿಗೆ ಇನ್ನೊಂದು ಕುತಂತ್ರವೂ ಇದೆ. ಬೇಯಿಸಿದಾಗ ಅದನ್ನು ಕೆಂಪಾಗಿಸುವ ಅಸ್ಟಾಕ್ಸಾಂತಿನ್ ಎಂಬ ವರ್ಣದ್ರವ್ಯ ಸಾವಯವ ದ್ರಾವಕಕ್ಕೆ ಸುಲಭವಾಗಿ ಇಳಿಯುತ್ತದೆ. ಬಣ್ಣ ನೋಡಿ ತೀರ್ಪು ಕೊಡುವ ಸಂವೇದಕಕ್ಕೆ ಸ್ವತಃ ಬಣ್ಣವುಳ್ಳ ಮಾದರಿಯನ್ನು ಕೊಡುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಮಿತಿಯ ಲೆಕ್ಕವನ್ನೂ ಒಮ್ಮೆ ಕಾಗದದ ಮೇಲೆ ಮಾಡಿ. ಕ್ಲೋರಾಂಫೆನಿಕಾಲ್ ಕೆಲವರಲ್ಲಿ ಉಂಟುಮಾಡುವ ಅಪ್ಲಾಸ್ಟಿಕ್ ಅನೀಮಿಯಾ (ಮೂಳೆಮಜ್ಜೆಯಲ್ಲಿ ರಕ್ತಕಣಗಳ ಉತ್ಪಾದನೆ ಕುಸಿಯುವ ಕಾಯಿಲೆ) ಸೇವಿಸಿದ ಪ್ರಮಾಣವನ್ನು ಅವಲಂಬಿಸಿ ಬರುವುದಲ್ಲ. ಆದ್ದರಿಂದ ಇದಕ್ಕೆ ಸುರಕ್ಷಿತ ಮಿತಿಯೆಂಬುದನ್ನು ನಿಗದಿ ಮಾಡಿಲ್ಲ, ಕ್ರಮ ಕೈಗೊಳ್ಳುವ ಮಟ್ಟವನ್ನಷ್ಟೇ ಇಟ್ಟಿದ್ದಾರೆ. ಯುರೋಪಿನ ಒಕ್ಕೂಟದಲ್ಲಿ ಅದು ಮೊದಲು ಕಿಲೋಗ್ರಾಂಗೆ 0.3 ಮೈಕ್ರೋಗ್ರಾಂ ಇತ್ತು, 2022ರ ನವೆಂಬರ್ ಕೊನೆಯಿಂದ 0.15ಕ್ಕೆ ಇಳಿದಿದೆ. ನಿಮ್ಮ 2 ಗ್ರಾಂ ಮಾಂಸದಲ್ಲಿ ಆ ಮಟ್ಟದ ಔಷಧವಿದ್ದರೆ ಒಟ್ಟು 0.3 ನ್ಯಾನೊಗ್ರಾಂ ಮಾತ್ರ. ಅದನ್ನು 8 ಮಿಲಿಲೀಟರ್ ನೀರಿಗೆ ಹರಡಿದರೆ ಮಿಲಿಲೀಟರಿಗೆ 0.04 ನ್ಯಾನೊಗ್ರಾಂ ಕೂಡ ಬರುವುದಿಲ್ಲ, ನಿಮ್ಮ ಸಂವೇದಕಕ್ಕೆ ಬೇಕಾದದ್ದೋ 10. ಅಂದರೆ ನೀವು ಇನ್ನೂರೈವತ್ತು ಪಟ್ಟಿಗಿಂತ ಹೆಚ್ಚು ದೂರದಲ್ಲಿದ್ದೀರಿ.

ನಾವು ಮಾಡುತ್ತಿದ್ದದ್ದು ಹೀಗೆ: 3 ಗ್ರಾಂ ಮಾಂಸಕ್ಕೆ 6 ಮಿಲಿಲೀಟರ್ ಈಥೈಲ್ ಅಸಿಟೇಟ್ ಹಾಕಿ ಕುಲುಕಿ, ಮೇಲಿನ 4 ಮಿಲಿಲೀಟರ್ ತೆಗೆದು, ನೈಟ್ರೋಜನ್ ಹಾಯಿಸಿ ಒಣಗಿಸಿ, ಅರ್ಧ ಮಿಲಿಲೀಟರ್ ಬಫರ್‌ನಲ್ಲಿ ಮತ್ತೆ ಕರಗಿಸಿ, ಹೆಕ್ಸೇನ್‌ನಿಂದ ತೊಳೆಯುವುದು. ಕ್ಲೋರಾಂಫೆನಿಕಾಲ್ ಈಥೈಲ್ ಅಸಿಟೇಟಿಗೆ ಚೆನ್ನಾಗಿ ಬರುತ್ತದೆ, ಪ್ರೋಟೀನ್ ಮತ್ತು ಲವಣ ಬಹುತೇಕ ಹಿಂದೆಯೇ ಉಳಿಯುತ್ತವೆ, ಕೊಬ್ಬು ಹಾಗೂ ಬಣ್ಣದ ದೊಡ್ಡ ಪಾಲು ಹೆಕ್ಸೇನಿಗೆ ಹೋಗುತ್ತದೆ. ಹೀಗೆ ಮಾಡಿದರೆ ಅದೇ 0.3 ನ್ಯಾನೊಗ್ರಾಂ ಅರ್ಧ ಮಿಲಿಲೀಟರಿಗೆ ಸಾಂದ್ರವಾಗಿ ಮಿಲಿಲೀಟರಿಗೆ 0.6 ಆಗುತ್ತದೆ. ಆಗಲೂ ನಿಮ್ಮ ಸಂವೇದಕ ಹದಿನೇಳು ಪಟ್ಟು ಸೂಕ್ಷ್ಮವಾಗಬೇಕು, ಆದರೆ ಅದು ಒಂದು ಯೋಜನೆಯಲ್ಲಿ ದಾಟಬಹುದಾದ ಅಂತರ.

ಧಕ್ಕೆಯ ಸೀಗಡಿಯನ್ನು ಔಷಧರಹಿತ ಮಾದರಿಯಾಗಿ ಆರಿಸಿದ್ದು ಜಾಣತನ, ಸಮುದ್ರಕ್ಕೆ ಯಾರೂ ಮದ್ದು ಹಾಕುವುದಿಲ್ಲ. ಆದರೆ ಅದನ್ನು ಸುಲಿದ ಕೈಗಳ ಬಗ್ಗೆ ಎಚ್ಚರವಿರಲಿ. ಕೈಗೆ ಹಚ್ಚಿದ ಕ್ಲೋರಾಂಫೆನಿಕಾಲ್ ಮುಲಾಮಿನಿಂದಲೂ ಸೀಗಡಿಗೆ ಶೇಷ ಸೇರಬಹುದು. ಇಡೀ ಸೀಗಡಿ ತಂದು, ಕೈಗವಸು ಹಾಕಿಕೊಂಡು ನೀವೇ ಸುಲಿಯಿರಿ.

ಉತ್ತರ: ಪ್ರತಿಕಾಯ_ಮಣಿಪಾಲ

ಹಿಂದಿನ ಉತ್ತರದ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಹದಿನೇಳು ಪಟ್ಟಿನ ಅಂತರವನ್ನು ಆಪ್ಟಮರ್ ಮತ್ತು ಕಣ್ಣಿಗೆ ಕಾಣುವ ಬಣ್ಣದಿಂದಲೇ ದಾಟಬಹುದೆಂಬ ಆಶಾವಾದ ನನಗಿಲ್ಲ. ಪ್ರತಿಕಾಯದ (ನಿರ್ದಿಷ್ಟ ಅಣುವನ್ನು ಹಿಡಿಯುವ ರೋಗನಿರೋಧಕ ಪ್ರೋಟೀನಿನ) ಕಡೆಗೆ ಹೋಗಿ, ಇಲ್ಲವೇ ಆಪ್ಟಮರ್ ಅನ್ನು ಉಳಿಸಿಕೊಂಡು ಬಣ್ಣವನ್ನು ಬಿಟ್ಟು ಮುದ್ರಿತ ಎಲೆಕ್ಟ್ರೋಡಿನ ಮೇಲೆ ವಿದ್ಯುತ್ ಸಂಕೇತವನ್ನು ಅಳೆಯಿರಿ.

ಪ್ರತಿಕಾಯ ಬಳಸುವುದಾದರೆ ಒಂದು ಮಾತು. ಕ್ಲೋರಾಂಫೆನಿಕಾಲ್‌ನ ಅಣುತೂಕ 323, ಪ್ರತಿಕಾಯದ್ದು ಸುಮಾರು 1,50,000. ಇಷ್ಟು ಪುಟ್ಟ ಅಣುವನ್ನು ಎರಡು ಪ್ರತಿಕಾಯಗಳು ಎರಡು ಬದಿಯಿಂದ ಹಿಡಿಯಲು ಜಾಗವೇ ಇರುವುದಿಲ್ಲ. ಹಾಗಾಗಿ ಗರ್ಭ ಪರೀಕ್ಷೆಯ ಪಟ್ಟಿಯಂತೆ ಗೆರೆ ಮೂಡಿದರೆ ಇದೆ ಎಂದರ್ಥ ಬರುವ ರಚನೆ ಇಲ್ಲಿ ಸಾಧ್ಯವಿಲ್ಲ. ಪಟ್ಟಿಯಲ್ಲಿ ಕೂರಿಸಿದ ಔಷಧ ಮತ್ತು ಮಾದರಿಯ ಔಷಧ ಒಂದೇ ಪ್ರತಿಕಾಯಕ್ಕೆ ಪೈಪೋಟಿ ನಡೆಸುವ ಸ್ಪರ್ಧೆಯ ರಚನೆಯೇ ಬೇಕು, ಅದರಲ್ಲಿ ಔಷಧವಿದ್ದರೆ ಗೆರೆ ಮಾಯವಾಗುತ್ತದೆ. ಬಳಸುವವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ, ಮಸುಕು ಗೆರೆಯನ್ನು ಇದೆ ಎಂದು ಓದಬೇಕೋ ಇಲ್ಲವೆಂದೋ ಎಂಬ ಜಗಳ ಯಾವಾಗಲೂ ಇರುತ್ತದೆ.

ನಾನು ಮುಖ್ಯವಾಗಿ ಬರೆಯಬೇಕೆಂದದ್ದು ನೈಟ್ರೋಫ್ಯೂರಾನ್ ಬಗ್ಗೆ. ಆ ಗುಂಪಿನ ಫ್ಯೂರಜೋಲಿಡೋನ್ ಪ್ರಾಣಿಯ ದೇಹದಲ್ಲಿ ಕೆಲವೇ ಗಂಟೆಗಳಲ್ಲಿ ಒಡೆದುಹೋಗುತ್ತದೆ. ಮಾಂಸದಲ್ಲಿ ವಾರಗಟ್ಟಲೆ ಉಳಿಯುವುದು ಅದರ ಒಂದು ತುಂಡು, ಎ.ಓ.ಝಡ್. ಎಂದು ಕರೆಯುವ ಚಯಾಪಚಯಜನ್ಯ, ಅದೂ ಪ್ರೋಟೀನಿಗೆ ಗಟ್ಟಿಯಾಗಿ ಬೆಸೆದುಕೊಂಡು. ಬೇಯಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಈ ವಿಷಯದ ಎಷ್ಟೋ ಪ್ರಬಂಧಗಳಲ್ಲಿ ಅಂಗಡಿಯ ಮಾಂಸಕ್ಕೆ ಮೂಲ ಔಷಧವನ್ನು ಬೆರೆಸಿ, ಅದರ ನೈಟ್ರೋ ಗುಂಪಿನ ವಿದ್ಯುತ್ ಸಂಕೇತವನ್ನು ಅಳೆದು, ಶೇಷ ಪತ್ತೆಯಾಯಿತೆಂದು ಬರೆದಿರುತ್ತಾರೆ. ಮದ್ದು ತಿಂದ ಕೋಳಿಯ ಮಾಂಸವನ್ನು ಕೊಟ್ಟರೆ ಆ ಸಂವೇದಕ ಏನನ್ನೂ ಕಾಣುವುದಿಲ್ಲ, ಏಕೆಂದರೆ ಅದು ಹುಡುಕುವ ವಸ್ತು ಅಲ್ಲಿ ಉಳಿದೇ ಇರುವುದಿಲ್ಲ. ವಿಷಯ ಗೊತ್ತಿದ್ದೂ ಹೀಗೆ ಬರೆಯುವವರ ಮೇಲೆ ನನಗೆ ಸ್ವಲ್ಪ ಅಸಮಾಧಾನವಿದೆ.

ನಿಜವಾಗಿ ಮಾಡಬೇಕಾದದ್ದು ಬೇರೆ. ಮಾಂಸವನ್ನು ತೆಳುಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿಟ್ಟು ಆ ತುಂಡನ್ನು ಬಿಡಿಸಬೇಕು, ಅದಕ್ಕೆ 2-ನೈಟ್ರೋಬೆಂಜಾಲ್ಡಿಹೈಡ್ ಕೂಡಿಸಬೇಕು, ರೂಢಿಯ ವಿಧಾನದಲ್ಲಿ ಇದಕ್ಕೆ 37 ಡಿಗ್ರಿಯಲ್ಲಿ ಒಂದು ರಾತ್ರಿ ಬೇಕು. ಉಷ್ಣತೆ ಏರಿಸಿ ಕೆಲವು ಗಂಟೆಗಳಿಗೆ ಇಳಿಸುವ ವಿಧಾನಗಳೂ ಇವೆ. ಎ.ಓ.ಝಡ್.ನ ಅಣುತೂಕ ಬರೇ 102, ಅಷ್ಟು ಚಿಕ್ಕದಕ್ಕೆ ಒಳ್ಳೆಯ ಪ್ರತಿಕಾಯ ಸಿಗುವುದು ಕಷ್ಟ, ಅದಕ್ಕೇ ನೈಟ್ರೋಬೆಂಜಾಲ್ಡಿಹೈಡ್ ಕೂಡಿದ ದೊಡ್ಡ ರೂಪದ ವಿರುದ್ಧ ಪ್ರತಿಕಾಯ ತಯಾರಿಸುತ್ತಾರೆ. ಅದೇ ಗುಂಪಿನ ನೈಟ್ರೋಫ್ಯೂರಜೋನ್‌ನ ಗುರುತಾದ ಸೆಮಿಕಾರ್ಬಜೈಡ್ ಅನ್ನು ಸೀಗಡಿಯಲ್ಲಿ ಹುಡುಕುವ ಮುನ್ನ ಎರಡು ಸಲ ಯೋಚಿಸಿ. ಯಾವ ಮದ್ದನ್ನೂ ಕಾಣದ ಕಠಿಣಚರ್ಮಿಗಳ (ಸೀಗಡಿ, ಏಡಿಯಂಥ ಜೀವಿಗಳ) ಚಿಪ್ಪಿನಲ್ಲಿಯೂ ಅದು ಸಿಕ್ಕಿದೆ. ಒಟ್ಟಿನಲ್ಲಿ, ಇದೇ ಯೋಜನೆಯಲ್ಲಿ ನೈಟ್ರೋಫ್ಯೂರಾನ್ ಬೇಡ ಎಂಬುದು ನನ್ನ ಅಭಿಪ್ರಾಯ.

ಉತ್ತರ: ಕುಂದಾಪುರದ_ಕೆರೆ

ವಿಜ್ಞಾನದ ಮಾತಿಗೆ ನಾನು ಬರುವುದಿಲ್ಲ. ಕುಂದಾಪುರದ ಕಡೆ ಹಿನ್ನೀರಿನ ಪಕ್ಕ ವನ್ನಾಮಿ ಸೀಗಡಿ ಸಾಕುತ್ತಿರುವವನಾಗಿ, ಯಾರ ಕೈಗೆ ಉಪಯೋಗ ಎಂಬ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ.

ಸೀಗಡಿ ಹಿಡಿಯುವ ಮೊದಲು ಮಾದರಿ ಕೊಟ್ಟು ಪರೀಕ್ಷೆ ಮಾಡಿಸುವ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ. ಯುರೋಪಿಗೆ ಹೋಗುವ ಸರಕಿಗೆ ಆ ಪ್ರಮಾಣಪತ್ರ ಬೇಕೇ ಬೇಕು. ಯುರೋಪಿನವರು ಭಾರತದ ಸಾಕಣೆ ಸೀಗಡಿಯ ರವಾನೆಗಳಲ್ಲಿ ಪರೀಕ್ಷಿಸುವ ಪಾಲನ್ನು 2016ರಲ್ಲಿ ಶೇಕಡ 10ರಿಂದ 50ಕ್ಕೆ ಏರಿಸಿದ ಮೇಲೆ ಖರೀದಿದಾರರೂ ಹುಷಾರಾಗಿದ್ದಾರೆ. ನೀವು ಕೊಡುವ ಪರೀಕ್ಷಾ ಪಟ್ಟಿಯ ಫಲಿತಾಂಶವನ್ನು ಅವರು ಒಪ್ಪುವುದಿಲ್ಲ, ಪ್ರಯೋಗಾಲಯದ ಕಾಗದವನ್ನೇ ಕೇಳುತ್ತಾರೆ. ಅಲ್ಲದೆ ಹಿಡಿಯುವ ಹೊತ್ತಿಗೆ ಶೇಷವಿದೆ ಎಂದು ಗೊತ್ತಾದರೆ ನಾನು ಮಾಡುವುದಾದರೂ ಏನು? ಮೂರ್ನಾಲ್ಕು ತಿಂಗಳ ಮೇವಿನ ಹಣ ಆಗಲೇ ನೀರಿಗೆ ಬಿದ್ದಿರುತ್ತದೆ.

ನನಗೆ ಭಯವಿರುವುದು ಇನ್ನೊಂದು ಕಡೆ. ಪ್ರೋಬಯಾಟಿಕ್, ಖನಿಜ ಮಿಶ್ರಣ, ಕರುಳಿನ ಟಾನಿಕ್ ಎಂದು ಬಗೆಬಗೆಯ ಪುಡಿಗಳನ್ನು ನಾವು ಮೇವಿಗೆ ಬೆರೆಸುತ್ತೇವೆ. ಒಂದು ಬೆಳೆಯಲ್ಲಿ ನಾನು ಯಾವ ಪ್ರತಿಜೀವಕವನ್ನೂ ಹಾಕದೆಯೇ ಮಾದರಿ ಅನುತ್ತೀರ್ಣವಾಯಿತು. ಪೊಟ್ಟಣದ ಮೇಲೆ ಬರೆದಿರದ ಏನೋ ಒಳಗಿತ್ತೆಂದು ಈಗಲೂ ನನ್ನ ಅನುಮಾನ, ಆದರೆ ಅಷ್ಟು ಹೊತ್ತಿಗೆ ಪೊಟ್ಟಣ ಖಾಲಿಯಾಗಿತ್ತು. ಪೊಟ್ಟಣ ಒಡೆದ ದಿನವೇ ಕೆರೆಯ ದಂಡೆಯಲ್ಲಿ ನಿಂತು ನೋಡುವಂಥ ಪರೀಕ್ಷೆ ಇದ್ದರೆ ನಾನೇ ದುಡ್ಡು ಕೊಟ್ಟು ಕೊಳ್ಳುತ್ತೇನೆ.

ಮರುಪ್ರಶ್ನೆ: ನೇತ್ರಾವತಿ_ದಡ

ಮೂವರಿಗೂ ಧನ್ಯವಾದಗಳು. ಈಥೈಲ್ ಅಸಿಟೇಟ್ ವಿಧಾನವನ್ನು ಈ ವಾರ ಮಾಡಿ ನೋಡಿದೆ. ಔಷಧವಿಲ್ಲದ ಮಾದರಿ ಈಗ ಕೆಂಪಾಗಿಯೇ ಉಳಿಯುತ್ತದೆ, ಧಾರಾಳವಾಗಿ ಬೆರೆಸಿದ್ದು ನೀಲಿಯಾಗುತ್ತದೆ. 0.15ರ ಮಟ್ಟದಲ್ಲಿ ಮಾತ್ರ ಏನೂ ಕಾಣುವುದಿಲ್ಲ, ಲೆಕ್ಕ ಹೇಳಿದ ಹಾಗೆಯೇ.

ಕುಂದಾಪುರದವರ ಮಾತು ಓದಿದ ಮೇಲೆ ಯೋಜನೆಯ ದಿಕ್ಕನ್ನೇ ಬದಲಿಸಬಾರದೇಕೆ ಅನ್ನಿಸುತ್ತಿದೆ. ಗುಣ ಕಾಣಬೇಕೆಂದು ಬೆರೆಸಿದ ಪುಡಿಯಲ್ಲಿ ಒಂದು ಗ್ರಾಂಗೆ 1 ಮಿಲಿಗ್ರಾಂ ಔಷಧವಿದೆ ಎಂದುಕೊಳ್ಳೋಣ. ಒಂದು ಗ್ರಾಂ ಪುಡಿಯನ್ನು 10 ಮಿಲಿಲೀಟರಿನಲ್ಲಿ ಕದಡಿ, ಅದನ್ನು ಮತ್ತೆ ಸಾವಿರ ಪಟ್ಟು ತೆಳುಗೊಳಿಸಿದರೂ ಮಿಲಿಲೀಟರಿಗೆ 100 ನ್ಯಾನೊಗ್ರಾಂ ಉಳಿಯುತ್ತದೆ, ಅಂದರೆ ನನ್ನ ಮಿತಿಯ ಹತ್ತು ಪಟ್ಟು. ಅಷ್ಟು ತೆಳುವಾದಾಗ ಪುಡಿಯ ಪ್ರೋಟೀನ್, ಉಪ್ಪುಗಳ ಕಾಟವೂ ಇರಲಾರದು. ಪುಡಿಯಲ್ಲಿ ಮೂಲ ಔಷಧ ಒಡೆಯದೆ ಇರುವುದರಿಂದ ಫ್ಯೂರಜೋಲಿಡೋನ್ ಕೂಡ ಸಾಧ್ಯವಲ್ಲವೇ?

ಉತ್ತರ: ಹಳೆಯ_ತಕ್ಕಡಿ

ಸಾಧ್ಯ, ಮತ್ತು ಸಕಾಲಿಕವೂ ಹೌದು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವ ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯೂರಾನ್‌ಗಳ ತಯಾರಿಕೆ, ಮಾರಾಟಗಳನ್ನೇ ಕೇಂದ್ರ ಸರ್ಕಾರ 2025ರಲ್ಲಿ ನಿಷೇಧಿಸಿದೆ. ಫ್ಯೂರಜೋಲಿಡೋನ್‌ಗೆ ಬೇರೆ ಆಪ್ಟಮರ್ ಬೇಕಾಗುತ್ತದೆ, ಅದು ಬೆಳಕಿಗೆ ಕೆಡುವ ವಸ್ತುವಾದ್ದರಿಂದ ಕಂದು ಬಣ್ಣದ ಸೀಸೆಯಲ್ಲಿ ಕೆಲಸ ಮಾಡಿ.

ಒಂದು ಮಿತಿಯನ್ನು ಮಾತ್ರ ಪ್ರಬಂಧದಲ್ಲಿ ಮುಚ್ಚಿಡದೆ ಬರೆಯಿರಿ. ಬೇಕೆಂದೇ ಬೆರೆಸಿದ್ದನ್ನು ಈ ಪರೀಕ್ಷೆ ಹಿಡಿಯುತ್ತದೆ, ಆದರೆ ಕಾರ್ಖಾನೆಯ ಯಂತ್ರವನ್ನು ಸರಿಯಾಗಿ ತೊಳೆಯದೆ ಪುಡಿಗೆ ಅಂಟಿಬಂದ ಲವಲೇಶ ಇದರ ಕಣ್ಣಿಗೆ ಬೀಳುವುದಿಲ್ಲ, ಮಾಂಸದಲ್ಲಿ ಶೇಷ ಕಾಣಿಸಲು ಅಷ್ಟೂ ಸಾಕಾದೀತು. ಇನ್ನು ಪರಿಶೀಲನೆಯ ವಿಚಾರ. ಶೇಷ ತಪಾಸಣೆಯಲ್ಲಿ ರೂಢಿಯಿರುವ ಒಂದು ಕ್ರಮವೆಂದರೆ, ಗುರಿಯ ಅರ್ಧ ಮಟ್ಟದಲ್ಲಿ ಔಷಧ ಬೆರೆಸಿದ 20 ಬೇರೆಬೇರೆ ಮಾದರಿಗಳನ್ನು ಪರೀಕ್ಷಿಸಿದಾಗ ತಪ್ಪಿಹೋಗುವುದು ಹೆಚ್ಚೆಂದರೆ ಒಂದು ಇರಬೇಕು. ಅದೇ ಶಿಸ್ತನ್ನು ಪುಡಿಗಳಿಗೂ ಅನ್ವಯಿಸಿ, ಆದರೆ ಒಂದೇ ಪೊಟ್ಟಣದಿಂದ 20 ಸಲ ತೆಗೆದು ಲೆಕ್ಕ ತುಂಬಬೇಡಿ, 20 ಬಗೆಯ ಪೊಟ್ಟಣಗಳನ್ನು ತನ್ನಿ. ನೀಲಿಯಾದ ಪ್ರತಿಯೊಂದನ್ನೂ ದ್ರವ ವರ್ಣಲೇಖನ ಮತ್ತು ದ್ರವ್ಯರಾಶಿ ರೋಹಿತಮಾಪಕ ಜೋಡಿಸಿದ, ಅಣುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಯಂತ್ರದಲ್ಲಿ ದೃಢಪಡಿಸಿಕೊಳ್ಳುವವರೆಗೆ ಯಾವ ತಯಾರಕರ ಹೆಸರನ್ನೂ ಎಲ್ಲಿಯೂ ಬರೆಯಬೇಡಿ.

ಉತ್ತರ: ಕುಂದಾಪುರದ_ಕೆರೆ

ನನ್ನ ಕೊಟ್ಟಿಗೆಯಲ್ಲಿ ಈಗ ಆರು ಬಗೆಯ ಪುಡಿಗಳಿವೆ. ಅಕ್ಕಪಕ್ಕದ ಕೆರೆಗಳವರಲ್ಲಿ ಕೇಳಿದರೆ ಇನ್ನೂ ಐದಾರು ಸಿಗಬಹುದು. ಪ್ರತಿಯೊಂದರಿಂದ ನೂರು ಗ್ರಾಂ ತೆಗೆದು, ಹೆಸರು ಕಾಣದಂತೆ ಸಂಖ್ಯೆ ಹಾಕಿ, ಶನಿವಾರ ಮಂಗಳೂರಿಗೆ ಬರುವಾಗ ತಂದುಕೊಡುತ್ತೇನೆ.