ಮೊದಲು ಡಾಲರ್, ಆಮೇಲೆ ಪರ್ಸೆಂಟು

ಡಾಕರಪ್ಪ ಅನ್ನೋದು ಅವನ ನಿಜವಾದ ಹೆಸರಲ್ಲ. ಯಾವ ಕಷ್ಟ ಹೇಳಿಕೊಂಡರೂ "ಡಾಕರ್‌ನಲ್ಲಿ ಹಾಕ್ಬಿಡು" ಅಂತಾನೆ, ಅದಕ್ಕೇ ಆ ಹೆಸರು. ಡಾಕರ್ ಅಂದರೆ ಒಂದು ಸಾಫ್ಟ್‌ವೇರನ್ನು ಅದಕ್ಕೆ ಬೇಕಾದ್ದರ ಸಮೇತ ಕಂಟೇನರ್ ಅನ್ನೋ ಪೆಟ್ಟಿಗೆಯಲ್ಲಿ ಹಾಕಿ ಓಡಿಸುವ ಸಾಧನ. ಇನ್ನೊಬ್ಬ ಬ್ಯಾಕಪ್ಪ. ಇವನು ಒಂದು ಸಲ ಡಾಕರಪ್ಪನ ಮಾತು ಕೇಳಿ ತನ್ನ ಟಿಪ್ಪಣಿಗಳನ್ನೆಲ್ಲ ಕಂಟೇನರಿನಲ್ಲಿ ಹಾಕಿದ. ಹೊಸ ಆವೃತ್ತಿ ಬಂತು ಅಂತ ಹಳೇ ಕಂಟೇನರ್ ಅಳಿಸಿದ. ವಾಲ್ಯೂಮ್ ಅಂತ ಒಂದು ಉಗ್ರಾಣವನ್ನು ಹೊರಗೆ ಕಟ್ಟಿಕೊಂಡಿರಬೇಕು, ಇಲ್ಲದಿದ್ದರೆ ಕಂಟೇನರಿನ ಜೊತೆ ಒಳಗಿರೋದೂ ಹೋಗುತ್ತೆ. ಎರಡು ವರ್ಷದ ಟಿಪ್ಪಣಿ ಹೋಯಿತು. ಅಂದಿನಿಂದ "ಚೆನ್ನಾಗಿದ್ದೀರಾ" ಅನ್ನೋ ಬದಲು "ಬ್ಯಾಕಪ್ ಇದೆಯಾ" ಅಂತ ಕೇಳುತ್ತಾನೆ.

ಮೂರನೆಯವರು ಮೇಷ್ಟ್ರು. ಅವರಿಗೆ ಅಡ್ಡಹೆಸರಿಡುವ ಧೈರ್ಯ ನಮಗಿಲ್ಲ.

ಮೊನ್ನೆ ಭಾನುವಾರ ಡಾಕರಪ್ಪ ತಾನೇ ಬರೆದ ವಿಕಿ ಸಾಫ್ಟ್‌ವೇರನ್ನು, ಅಂದರೆ ಬ್ರೌಸರಿನಲ್ಲೇ ಪುಟ ಬರೆದು ತಿದ್ದುವ ತಾಣ ಮಾಡಿಕೊಡುವುದನ್ನು, ತೋರಿಸಲು ಬಂದಿದ್ದ. ಸ್ವಂತ ವಿಕಿ, ಸ್ವಂತ ಕಂಪ್ಯೂಟರಿನಲ್ಲಿ, ಓಪನ್ ಸೋರ್ಸ್, ಪುಕ್ಕಟೆ. ಮೇಷ್ಟ್ರಿಗೆ ಬಳಕೆ ತಪ್ಪಿದ ಪದಗಳನ್ನೆಲ್ಲ ಒಂದು ಕಡೆ ಬರೆದಿಡುವ ಆಸೆ. ಸರಿಯಾದ ಗಿರಾಕಿ ಸಿಕ್ಕರು ಅಂತ ಅವರನ್ನೇ ಲ್ಯಾಪ್‌ಟಾಪ್ ಮುಂದೆ ಕೂರಿಸಿದ.

"ಐದೇ ನಿಮಿಷ ಮೇಷ್ಟ್ರೇ. ಈ ಸಾಲನ್ನ ಕಾಪಿ ಮಾಡಿ, ಆ ಕಪ್ಪು ಕಿಟಕೀಲಿ ಪೇಸ್ಟ್ ಮಾಡಿ."

ಮೇಷ್ಟ್ರು ಒಂದಕ್ಷರ ಬಿಡದೆ ಕಾಪಿ ಮಾಡಿದರು. ಎಂಟರ್ ಒತ್ತಿದರು. ಕನ್ನಡಕ ಮೇಲಕ್ಕೇರಿಸಿ ಓದಿದರು.

"ಪುಕ್ಕಟೆ ಅಂದ್ಯಲ್ಲಪ್ಪಾ. ಇದು ಡಾಲರ್ ಎಲ್ಲಿ ಅಂತ ಕೇಳ್ತಿದೆ."

ಸಾಲಿನ ಮುಂದೆ ಒಂದು ಡಾಲರ್ ಗುರುತಿತ್ತು. ಅದು ಟರ್ಮಿನಲ್ಲಿನ, ಅಂದರೆ ಆ ಕಪ್ಪು ಕಿಟಕಿಯ, ಗುರುತು, ಟೈಪ್ ಮಾಡುವುದಲ್ಲ. ಕೈಪಿಡಿ ಬರೆಯುವವರಿಗೆಲ್ಲ ಇದು ಗೊತ್ತು. ಅದಕ್ಕೇ ಯಾರೂ ಬರೆಯುವುದಿಲ್ಲ. ಮೇಷ್ಟ್ರು ಅದನ್ನೂ ಸೇರಿಸಿ ಹಾಕಿದ್ದರಿಂದ ಕಂಪ್ಯೂಟರು, ಡಾಲರ್ ಅನ್ನೋ ಕಮಾಂಡ್ ನನ್ನ ಹತ್ತಿರ ಇಲ್ಲ ಅಂದಿತ್ತು.

ಡಾಲರ್ ತೆಗೆದಮೇಲೆ 8080 ಪೋರ್ಟ್, ಅಂದರೆ ಪ್ರೋಗ್ರಾಂ ಕೂರುವ ಆ ನಂಬರಿನ ಬಾಗಿಲು, ಖಾಲಿ ಇಲ್ಲ ಅಂತು. ಅದನ್ನು 8081 ಮಾಡಿದೆವು. ಆಮೇಲೆ ಡೇಟಾಬೇಸಿನ ಪಾಸ್‌ವರ್ಡ್ ಏನು ಅಂತ ಕೇಳಿತು.

"ನನ್ನ ಪಾಸ್‌ವರ್ಡಾ?"

"ಅಲ್ಲ ಮೇಷ್ಟ್ರೇ, ಅದರದ್ದು."

"ಅದರ ಪಾಸ್‌ವರ್ಡ್ ನನ್ನನ್ನ ಯಾಕೆ ಕೇಳುತ್ತೆ?"

ಇದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಒಬ್ಬನೇ ಮನುಷ್ಯ ತನ್ನ ಟಿಪ್ಪಣಿ ಬರೆದುಕೊಳ್ಳಲು ಬೇರೆ ಡೇಟಾಬೇಸ್ ಸರ್ವರ್ ಯಾಕೆ ಬೇಕು ಅನ್ನೋದು ನನ್ನದೂ ಹಳೇ ಪ್ರಶ್ನೆ.

"ನಾಳೆ ಲಕ್ಷ ಜನ ಓದಿದ್ರೆ?" ಅಂದ ಡಾಕರಪ್ಪ.

"ಕೂಸು ಹುಟ್ಟೋ ಮುಂಚೆ ಕುಲಾವಿ," ಅಂದ ಬ್ಯಾಕಪ್ಪ. "ಡೋಕುವಿಕಿ ನೋಡು. 2004ರಿಂದ ಇದೆ. ಡೇಟಾಬೇಸೇ ಇಲ್ಲ. ಪುಟಕ್ಕೊಂದು ಟೆಕ್ಸ್ಟ್ ಫೈಲ್. ಬ್ಯಾಕಪ್ ಅಂದ್ರೆ ಫೋಲ್ಡರ್ ಕಾಪಿ ಮಾಡೋದು, ಅಷ್ಟೇ."

"ಅದಕ್ಕೂ ವೆಬ್ ಸರ್ವರು, ಪಿಎಚ್‌ಪಿ ಭಾಷೆ ಬೇಕಲ್ವಾ?" ಅಂದ ಡಾಕರಪ್ಪ.

"ಹಾಗಾದ್ರೆ ಟಿಡ್ಲಿವಿಕಿ," ಅಂದೆ ನಾನು. "ಅದೂ 2004ರದ್ದೇ. ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲ್. ಬ್ರೌಸರಿನಲ್ಲಿ ತೆರೆದ್ರೆ ಆಯ್ತು, ಇನ್‌ಸ್ಟಾಲೇ ಇಲ್ಲ."

ಇಷ್ಟು ಹೇಳಿ ಸುಮ್ಮನಾಗಬೇಕಿತ್ತು. ಬ್ಯಾಕಪ್ಪ ನನ್ನ ಡೌನ್‌ಲೋಡ್ಸ್ ಫೋಲ್ಡರ್ ತೆಗೆದು ತೋರಿಸಿಬಿಟ್ಟ. ಬ್ರೌಸರು ತಾನಾಗಿ ಹಳೇ ಫೈಲಿನ ಮೇಲೆ ಬರೆಯುವುದಿಲ್ಲ. ಸೇವ್ ಒತ್ತಿದಾಗಲೆಲ್ಲ ಹೊಸ ಕಾಪಿ ಇಳಿಯುತ್ತೆ. ವಿಕಿ, ವಿಕಿ ಒಂದು, ವಿಕಿ ಎರಡು ಅಂತ ಹದಿನೇಳರವರೆಗೆ ಸಾಲಾಗಿ ನಿಂತಿದ್ದವು. ಸರಿಯಾಗಿ ಸೇವ್ ಆಗೋ ಹಾಗೆ ಮಾಡಲು ದಾರಿಗಳಿವೆ. ನಾನು ಮಾಡಿಕೊಂಡಿರಲಿಲ್ಲ.

"ಇದ್ರಲ್ಲಿ ಅಸಲಿ ಯಾವ್ದು?" ಅಂದರು ಮೇಷ್ಟ್ರು.

"ಹದಿನಾಲ್ಕು ಅನ್ಸುತ್ತೆ."

ಅಷ್ಟರಲ್ಲಿ ಡಾಕರಪ್ಪ ತಾನೇ ಏನೋ ಟೈಪ್ ಮಾಡಿ ವಿಕಿ ಏಳಿಸಿದ್ದ. ಮೇಷ್ಟ್ರು 'ಮನೆ' ಅಂತ ಮೊದಲ ಪುಟ ಮಾಡಿದರು. ವಿಳಾಸವನ್ನು ಕಾಪಿ ಮಾಡಿ ನಮ್ಮೆಲ್ಲರ ಫೋನಿಗೆ ಕಳಿಸಿದರು. ಲೋಕಲ್‌ಹೋಸ್ಟ್, 8081, ಅದರ ಹಿಂದೆ ಪರ್ಸೆಂಟ್ ಗುರುತುಗಳ ಮೆರವಣಿಗೆ.

"ಮೊದಲು ಡಾಲರ್ ಕೇಳಿತು. ಈಗ ಪರ್ಸೆಂಟು. ಬಡ್ಡಿಯೇನಪ್ಪಾ?"

ಕನ್ನಡದ ಒಂದೊಂದು ಚಿಹ್ನೆಯೂ ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಲ್ಲಿ ಮೂರು ಬೈಟ್. ವಿಳಾಸದಲ್ಲಿ ಒಂದೊಂದು ಬೈಟಿಗೂ ಒಂದು ಪರ್ಸೆಂಟ್, ಅದರ ಜೊತೆ ಎರಡಕ್ಷರ. 'ಮನೆ' ಅಂದರೆ ಮ, ನ, ಎತ್ವ. ಕಾಪಿ ಮಾಡಿದರೆ ಇಪ್ಪತ್ತೇಳು ಅಕ್ಷರ. ಮನೆ ಕಟ್ಟಿ ನೋಡು ಅಂದದ್ದು ಇದಕ್ಕೇ ಇರಬೇಕು.

ಅದೂ ಹೋಗಲಿ, ನಮ್ಮ ಫೋನಿನಲ್ಲಿ ಆ ಪುಟ ತೆರೆಯಲೇ ಇಲ್ಲ.

"ನನ್ನ ಮಷೀನಲ್ಲಿ ಓಡ್ತಿದೆ," ಅಂದ ಡಾಕರಪ್ಪ. ಅವನ ಕುಲದವರ ಮಂತ್ರ ಅದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲೋಕಲ್‌ಹೋಸ್ಟ್ ಅಂದರೆ ಅವರವರ ಯಂತ್ರ. ನನ್ನ ಫೋನು ವಿಕಿಗಾಗಿ ತನ್ನ ಜೇಬನ್ನೇ ತಡಕಾಡುತ್ತಿತ್ತು.

ಮೇಷ್ಟ್ರು ಗಡಿಯಾರ ನೋಡಿದರು. "ಅಂದ ಹಾಗೆ, ವಿಕಿ ಅಂದ್ರೇನು?"

"ಹವಾಯಿ ಭಾಷೇಲಿ ಬೇಗ ಅಂತ ಅರ್ಥ," ಅಂದೆ. "ವಾರ್ಡ್ ಕನಿಂಗ್‌ಹ್ಯಾಮ್ ಅಂತ, ಅವರೇ 1995ರಲ್ಲಿ ಮೊದಲ ವಿಕಿ ಮಾಡಿದ್ದು. ಹೊನಲುಲು ವಿಮಾನ ನಿಲ್ದಾಣದ ವಿಕಿ ವಿಕಿ ಬಸ್ಸಿನ ಹೆಸರು ಇಟ್ಟರು."

"ಆ ಬಸ್ಸಿಗೂ ಇಷ್ಟು ಜನ ತಳ್ಳೋರು ಬೇಕಿತ್ತಾ?"

ಡಾಕರಪ್ಪ ಮೆತ್ತಗಾದ. ಬ್ಯಾಕಪ್ಪ ಬಿಡಲಿಲ್ಲ. ಒಂದೇ ಪ್ರೋಗ್ರಾಂ ಫೈಲ್ ಕೊಡು, ಗೋ ಭಾಷೆಯಲ್ಲಿ ಬರೆದರೆ ಸುಲಭ. ಡಬಲ್ ಕ್ಲಿಕ್ ಮಾಡಿದ ಕೂಡಲೇ ಬ್ರೌಸರ್ ತಾನೇ ತೆರೆದುಕೊಳ್ಳಲಿ. ಪೋರ್ಟ್ ಖಾಲಿ ಇಲ್ಲದಿದ್ದರೆ ಪಕ್ಕದ್ದನ್ನು ಅದೇ ಹುಡುಕಿಕೊಳ್ಳಲಿ. ಪುಟಗಳೆಲ್ಲ ಬರೀ ಟೆಕ್ಸ್ಟ್ ಫೈಲಾಗಿರಲಿ. ನಾಳೆ ನಿನ್ನ ಸಾಫ್ಟ್‌ವೇರ್ ಸತ್ತರೂ ಮೇಷ್ಟ್ರು ಅವನ್ನು ನೋಟ್‌ಪ್ಯಾಡಿನಲ್ಲಿ ಓದುತ್ತಾರೆ. ಇನ್‌ಸ್ಟಾಲ್ ಮಾಡುವವನಿಗೆ ಒಂದು ಪ್ರಶ್ನೆಯನ್ನೂ ಕೇಳಬೇಡ. ನನಗೂ ಇದೇ ಸರಿ ಅನ್ನಿಸಿತು. ಐದು ನಿಮಿಷದ ಇನ್‌ಸ್ಟಾಲು ಯಾರಿಗೆ ಬೇಕು, ಮೂರನೇ ವರ್ಷ ಅಪ್‌ಡೇಟ್ ಮಾಡಿದಾಗ ಪುಟಗಳು ಉಳಿದಿದ್ದರೆ ಸಾಕು.

"ಅದೆಲ್ಲಾ ಇರ್ಲಿ," ಅಂದರು ಮೇಷ್ಟ್ರು. "ನಿನ್ನ ಸ್ವಂತ ವಿಕೀಲಿ ಎಷ್ಟು ಪುಟ ಇವೆ?"

"ಹನ್ನೊಂದು."

"ಯಾವುದರ ಬಗ್ಗೆ?"

ಡಾಕರಪ್ಪ ಸ್ವಲ್ಪ ಹೊತ್ತು ನೆಲ ನೋಡಿದ. "ಒಂಬತ್ತು ಪುಟ, ವಿಕಿ ಇನ್‌ಸ್ಟಾಲ್ ಮಾಡೋದು ಹೇಗೆ ಅಂತ."

"ಉಳಿದೆರಡು?"

"ಒಂದು ಮುಖಪುಟ. ಇನ್ನೊಂದು ಟೆಸ್ಟ್."

"ಸರಿ, ಆ ಒಂಬತ್ತನ್ನೇ ತೋರ್ಸು."

ಅವನು ಫೋನ್ ತೆಗೆದ. ತಾಣ ಅಸಲಿ ಅಂತ ಹೇಳುವ ಸರ್ಟಿಫಿಕೇಟಿನ ಅವಧಿ ಮುಗಿದಿದೆ ಅಂತ ಕೆಂಪು ಎಚ್ಚರಿಕೆ ಬಂತು. ಆ ಸರ್ಟಿಫಿಕೇಟಿನ ಆಯಸ್ಸು 90 ದಿನ. ತಾನೇ ನವೀಕರಿಸಿಕೊಳ್ಳಬೇಕಿತ್ತು, ಆದರೆ ಅದಕ್ಕೆ ಪೋರ್ಟ್ 80 ತೆರೆದಿರಬೇಕು. ಸುರಕ್ಷತೆ ಜಾಸ್ತಿಯಾಗಲಿ ಅಂತ ಇವನೇ ಮುಚ್ಚಿದ್ದನಂತೆ. ತೆರೆಯೋದು ಹೇಗೆ ಅಂತ ಎಲ್ಲಿ ಬರೆದಿಟ್ಟಿದ್ದೀಯ ಅಂತ ಬ್ಯಾಕಪ್ಪ ಕೇಳಿದ. ಆರನೇ ಪುಟದಲ್ಲಿ ಅಂದ.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ನೋಟ್‌ಬುಕ್ಕಿನ ಕೊನೇ ಹಾಳೆ ತಿರುಗಿಸಿದರು. ನಾನು ಪಕ್ಕದಿಂದ ಇಣುಕಿದೆ. ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದರು: "1. ಡಾಲರ್ ಹಾಕಬಾರದು."